ಮುಂದಿನ ಹಬ್, ಬ್ರೇಕ್ ಕೆಲಸಕ್ಕೆ ಇನ್ಮ್ಯಾಲೆ ಪಾರ್ಟ್ಸ್ ನಮ್ಮವೇ: ಗ್ರಾಹಕರಿಗೆ ಪತ್ರ

ಎಲ್ಲಾ ಅಣ್ಣಾವ್ರಿಗೂ, ಯಜಮಾನ್ರಿಗೂ ನಮಸ್ಕಾರ್ರಿ.

ಹಬ್, ಬ್ರೇಕ್ ಕೆಲಸಕ್ಕೆ ಪಾರ್ಟ್ಸ್ ನಾವೇ ತರ್ತೀವಿ, ಲೇಬರ್ ಏರ್ತೈತಿ ಅಂತ ಬೋರ್ಡ್ ಹಾಕಿದ ದಿನದಿಂದ ಫೋನ್ ನಿಂತಿಲ್ಲ. ಒಬ್ರು ಕೇಳ್ತಾರೆ, ಒಬ್ರು ಬೈತಾರೆ, ಇನ್ನೊಬ್ರು "ಶೋರೂಮ್ ಆಗಿಬಿಟ್ರೇನ್ರಪ್ಪಾ" ಅಂತ ನಗ್ತಾರೆ. ಎಲ್ಲಾರಿಗೂ ಫೋನ್‌ನಾಗೇ ಹೇಳೋಕೆ ಆಗಲ್ಲ, ಗಾಡಿ ಕೆಳಗಿಂದ ಎದ್ದೆದ್ದು ಬರಬೇಕು, ಅದಕ್ಕೇ ಬರೀತಿದ್ದೀವಿ. ನಾವು ಯಾರು, ಬಳ್ಳಾರಿಯಾಗ ಎಂದಿನಿಂದ ಅದೀವಿ ಅಂತ ನಿಮಗೆ ಹೇಳೋದೇನೂ ಇಲ್ಲ.

ವಿಷಯ ಇಷ್ಟು. ಬರೋ ಒಂದನೇ ತಾರೀಖಿನಿಂದ ಹಳೇ ಫೋರ್ ಬೈ ಫೋರ್ ಗಾಡಿಗಳು, ಅಂದ್ರೆ ಜೀಪು, ಜಿಪ್ಸಿ, ಹಳೇ ಬೊಲೆರೊ, ಹಳೇ ಥಾರ್ ಇಂಥವಕ್ಕೆ ಮುಂದಿನ ವೀಲ್ ಬೇರಿಂಗ್ ಮತ್ತೆ ಬ್ರೇಕ್ ಕೆಲಸಕ್ಕೆ ನೀವು ತಂದ ಪಾರ್ಟ್ಸ್ ಹಾಕಲ್ಲ, ನಾವೇ ತರಿಸಿ ಹಾಕ್ತೀವಿ, ತಂದ ಅಂಗಡಿ ಬಿಲ್ ನಿಮ್ಮ ಕೈಗೆ ಕೊಡ್ತೀವಿ. ಹಬ್, ಅಂದ್ರೆ ಚಕ್ರದ ನಡುವೆ ಬೇರಿಂಗ್ ಕೂರೋ ಭಾಗ, ಬಿಚ್ಚಿದ್ವಿ ಅಂದ್ರೆ ಬ್ರೇಕೂ ನೋಡೇ ನೋಡ್ತೀವಿ. ಎರಡೂ ಕಡೆ ಸೇರಿ ಲೇಬರ್ 1,800 ಇದ್ದದ್ದು 2,600 ಆಗ್ತೈತಿ, ಗಾಡಿ ಒಂದು ರಾತ್ರಿ ನಮ್ಮತ್ರ ಇರಬೇಕಾಗ್ತೈತಿ. ಕ್ಲಚ್, ಸ್ಪ್ರಿಂಗ್ ಪಟ್ಟಿ, ಬುಷ್, ಡೈನಮೊ ಕೆಲಸಕ್ಕೆಲ್ಲ ಮೊದಲಿನಂಗೆ ನಿಮ್ಮ ಪಾರ್ಟ್ಸ್ ನೀವು ತರಬಹುದು. ಬೆಳಿಗ್ಗೆ ಬಿಟ್ಟು ಸಂಜಿಗೆ ಒಯ್ಯೋರಿಗೆ ತೊಂದ್ರೆ ಆಗ್ತೈತಿ ಅಂತ ಗೊತ್ತೈತಿ, ಅದಕ್ಕೆ ಕ್ಷಮೆ ಇರಲಿ.

ರೇಟಿನ ಮಾತು ಮೊದ್ಲು ಮುಗಿಸ್ತೀವಿ ಯಾಕಂದ್ರೆ ಅದೇ ನಮಗೆ ಜಾಸ್ತಿ ಚುಚ್ಚಿರೋದು. "ಜಿಎಸ್‌ಟಿ ಇಳಿಸ್ಯಾರೆ, ನೀವು ಏರಿಸೀರಿ" ಅಂತೀರಿ. 2025ರ ಸೆಪ್ಟೆಂಬರ್ 22ರಿಂದ ಬ್ರೇಕ್ ಪ್ಯಾಡು, ಶೂ ಇಂಥವಕ್ಕೆ 28 ಇದ್ದದ್ದು 18 ಆಯ್ತು, ಹೌದು, ಆವತ್ತಿನಿಂದಾನೇ ನಮ್ಮ ಬಿಲ್ಲಿನಾಗೂ ಇಳಿದೈತಿ, ಹಳೇದು ಹೊಸಾದು ಪಕ್ಕದಾಗ ಇಟ್ಟು ನೋಡ್ರಿ. ಆದ್ರೆ 128 ರೂಪಾಯಿ ಕೊಡ್ತಿದ್ದೋರು 118 ಕೊಡ್ತೀರಿ, ಅಷ್ಟೇ, ಅದು ನೂರಕ್ಕೆ ಎಂಟೂ ಬರಲ್ಲ. ರಿಪೇರಿ ಲೇಬರ್‌ಗೆ ಮೊದ್ಲೂ 18, ಈಗ್ಲೂ 18. ನಾವು ಕೆಲಸ ಕಲಿಸಿದ ಹುಡುಗ್ರು ತೋರಣಗಲ್ಲು ಕಡೆ ಫ್ಯಾಕ್ಟ್ರಿಗೆ ಹೋಗ್ತಾರೆ, ಅಲ್ಲಿ ಪಿಎಫ್ ಐತಿ, ಬಸ್ ಐತಿ, ಯಾಕೆ ಹೋಗಬಾರದು ಪಾಪ, ಉಳಿದೋರನ್ನ ಉಳಿಸಿಕೊಳ್ಳಬೇಕಂದ್ರೆ ಸಂಬಳ ಏರಿಸಲೇಬೇಕು. ಇನ್ನ 15 ವರ್ಷ ದಾಟಿದ ಗಾಡಿಗೆ ರೀ-ರಿಜಿಸ್ಟ್ರೇಷನ್ ಫೀ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆತು, ಅದನ್ನೂ ನಮ್ಮ ಕೌಂಟರಿನಾಗೇ ಬೈತೀರಿ, ಅದರಾಗ ನಮಗೆ ಐದು ಪೈಸಾ ಬರಲ್ರಿ.

ಈಗ ಎಲ್ಲಾರೂ ಹೇಳೋ ಆ ಒಂದು ಮಾತು. "ಅದೇ ಬೇರಿಂಗ್ ಆನ್‌ಲೈನ್‌ನಾಗ ಅರ್ಧ ರೇಟಿಗೆ ಸಿಗ್ತೈತಿ, ನೀವು ಕಮಿಷನ್ ಹೊಡಿಯೋಕೆ ನಮ್ಮ ಪಾರ್ಟ್ಸ್ ಬ್ಯಾಡ ಅಂತೀರಿ." ಕಮಿಷನ್ ಐತಿ, ಮುಚ್ಚಿಡಲ್ಲ. ಅಂಗಡಿಯವ್ರು ಮೆಕ್ಯಾನಿಕ್‌ಗೆ ಬಿಡೋ ಸ್ವಲ್ಪ ಡಿಸ್ಕೌಂಟ್ ನಮ್ಮತ್ರ ಉಳೀತೈತಿ. ಆದ್ರೆ ಆ ಬೇರಿಂಗ್ ಕೂಗಿದ್ರೆ, ಪ್ಯಾಡ್ ಸರಿ ಕೂರದಿದ್ರೆ ವಾಪಸ್ ಒಯ್ದು ಜಗಳಾಡಿ ಬದಲಿ ತರೋರೂ ನಾವೇ, ಎರಡನೇ ಸಲ ಬಿಚ್ಚೋಕೆ ಲೇಬರ್ ತಗೊಳ್ಳದೋರೂ ನಾವೇ. ನೀವು ತಂದದ್ದು ಕೆಟ್ರೆ ಯಾರ ಹತ್ರ ಹೋಗ್ತೀರಿ? ಮನಿಗೆ ಡಬ್ಬಿ ಕೊಟ್ಟು ಹೋದ ಹುಡುಗನ ಹತ್ರ ಅಂತೂ ಅಲ್ಲ, ನಮ್ಮತ್ರಾನೇ ಬರ್ತೀರಿ.

"ಅದೇ ಬೇರಿಂಗ್" ಅಂತೀರಲ್ಲ, ಅದು ಅದೇ ಅಲ್ಲ. ಹಳೇ ಜೀಪಿನ ಮುಂದಿನ ಹಬ್ಬಿನಾಗ ಟೇಪರ್ ರೋಲರ್ ಬೇರಿಂಗ್ ಒಳಗೊಂದು ಹೊರಗೊಂದು ಇರ್ತೈತಿ, ಒಂದೊಂದಕ್ಕೂ ಎರಡು ಭಾಗ, ಹಬ್ಬಿನೊಳಗೆ ಬಿಗಿಯಾಗಿ ಕೂರೋ ಹೊರಗಿನ ರಿಂಗ್, ಅದಕ್ಕೆ ಕಪ್ ಅಂತೀವಿ, ರೋಲರ್ ಇರೋ ಒಳಗಿನ ಭಾಗ, ಅದಕ್ಕೆ ಕೋನ್ ಅಂತೀವಿ. ಇವೆರಡು ಜೋಡಿ. ಹಳೇ ಕಪ್ ಹಂಗೇ ಬಿಟ್ಟು ಹೊಸ ಕೋನ್ ಹಾಕಿದ್ರೆ ಹಳೇ ಸವಕಲು ದಾರಿಮ್ಯಾಲೆ ಹೊಸ ರೋಲರ್ ಓಡಿ ಅದೂ ಬೇಗ ಹಾಳು. ಆನ್‌ಲೈನ್‌ನಾಗ ಎಷ್ಟೋ ಜನ ಬರೀ ಕೋನ್ ತರಿಸ್ತಾರೆ, ರೇಟ್ ಅರ್ಧ ಇರೋದು ಅದಕ್ಕೇ. ನೀರು ಧೂಳು ಒಳಗೆ ಬರದಂಗೆ ತಡೆಯೋ ಸೀಲ್ ಅಂತೂ ಯಾರೂ ತರಲ್ಲ. ಹಳೇ ಸೀಲ್ ಕಿತ್ತು ಮತ್ತೆ ಅದನ್ನೇ ಬಡಿದು ಕೂರಿಸಿದ್ರೆ ಅದರ ತುಟಿ ಸ್ಪಿಂಡಲ್‌ಗೆ, ಅಂದ್ರೆ ಹಬ್ ತಿರುಗೋ ದಂಡಿಗೆ, ಸರಿ ಹತ್ತಲ್ಲ, ನೀರು ಧೂಳು ಸೀದಾ ಒಳಗೆ.

ಇನ್ನ ನಕಲಿ. ಡಬ್ಬಿ ನೋಡಿದ್ರೆ ನಮಗೇ ಮೋಸ ಆಗೋ ಹಂಗೆ ಮಾಡ್ತಾರೆ. ಹಳೇ ಬೇರಿಂಗ್ ತೊಳೆದು, ಪಾಲಿಶ್ ಹೊಡೆದು, ಮ್ಯಾಲೆ ನಂಬರ್ ಮತ್ತೆ ಕೊರೆದು ಹೊಸ ಡಬ್ಬಿಗೆ ಹಾಕಿರೋದೂ ಬಂದೈತಿ. ಇದು ಎಷ್ಟು ದೊಡ್ಡ ಕಾಟ ಅಂದ್ರೆ ಬೇರಿಂಗ್ ಮಾಡೋ ಎಸ್‌ಕೆಎಫ್ ಕಂಪನಿಯವ್ರು ಬೇರಿಂಗಿಂದು ಡಬ್ಬಿದು ಫೋಟೋ ಕಳಿಸಿದ್ರೆ ಅಸಲಿನಾ ನಕಲಿನಾ ನೋಡಿ ಹೇಳೋಕೆ ಅಂತಾನೇ ಒಂದು ಆಪ್ ಇಟ್ಟಾರೆ. ಸಂಡೂರು ಕಡೆ ಗಣಿ ಓಡಾಟದ ಒಂದು ಜೀಪು, ಯಜಮಾನ್ರು ತಾವೇ ಪಾರ್ಟ್ಸ್ ತಂದಿದ್ರು, ಬ್ಯಾಡ ಅಂದ್ರೂ ಕೇಳ್ಲಿಲ್ಲ, ಹಾಕಿಸ್ಕೊಂಡು ಹೋದ್ರು. ಮಳೆಗಾಲ ಮುಗಿಯೋದ್ರೊಳಗೆ ಹಬ್ ಕಾದು ಕೋನಿನ ಒಳಗಿನ ರಿಂಗ್ ಸ್ಪಿಂಡಲ್‌ಗೇ ಕಚ್ಕೊಂಡು ಬಿಟ್ಟಿತ್ತು. ಕತ್ತರಿಸಿ ತೆಗೀಬೇಕಾಯ್ತು. ಸ್ಪಿಂಡಲ್ ಹೋಯ್ತು, ಹಬ್ ಹೋಯ್ತು, ಹೆಸರು ಹೋಗಿದ್ದು ಗ್ಯಾರೇಜಿಂದು. ಊರೆಲ್ಲಾ "ಅವ್ರತ್ರ ಹಾಕಿಸಿದ್ದೆ" ಅಂತಾನೇ ಹೇಳ್ಯಾರೆ, "ನಾನು ತಂದ ಬೇರಿಂಗ್" ಅಂತ ಯಾರ ಮುಂದೂ ಹೇಳಿಲ್ಲ.

ನಮ್ಮ ಸೀಮೆ ಧೂಳು ನಿಮಗೆ ಗೊತ್ತೇ ಐತಿ. ಗಣಿ ಗಾಡಿ ಹಬ್ ಬಿಚ್ಚಿದ್ರೆ ಗ್ರೀಸು ಗ್ರೀಸಿನ ಬಣ್ಣದಾಗೇ ಇರಲ್ಲ, ಕೆಂಪಗೆ ಗಟ್ಟಿಯಾಗಿ ಒರಳಾಗ ಅರೆದ ಮಸಾಲಿ ಹಂಗೆ ಇರ್ತೈತಿ, ಬೆರಳಾಗ ತಿಕ್ಕಿದ್ರೆ ಗರಗರ ಅಂತೈತಿ. ಅದಿರಿನ ಪುಡಿ ಅದು, ಬೇರಿಂಗ್ ಒಳಗೆ ಕೂತು ಸಾಣೆ ಹಿಡೀತೈತಿ. ಸಿರುಗುಪ್ಪ, ಕಂಪ್ಲಿ, ಗಂಗಾವತಿ ಕಡೆ ಗಾಡಿಗಳದು ಬ್ಯಾರೆ ಕತಿ, ಗದ್ದಿ ಕೆಸರು, ಕಾಲುವೆ ನೀರು. ಬಿಸಿ ಹಬ್ ತಣ್ಣೀರಾಗ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಸೀಲ್ ಪಕ್ಕದಿಂದ ನೀರು ಎಳ್ಕೊಂತೈತಿ, ಗ್ರೀಸು ಮಜ್ಜಿಗಿ ಬಣ್ಣ ಆಗ್ತೈತಿ. ಇನ್ನ ಕೆಲವ್ರು ವಾಟರ್ ಸರ್ವಿಸ್‌ನಾಗ ಪ್ರೆಶರ್ ಗನ್ ಸೀದಾ ಹಬ್ಬಿಗೇ ಹಿಡಿಸ್ತಾರೆ, ದಯವಿಟ್ಟು ಹಿಡಿಸಬ್ಯಾಡ್ರಿ.

ಬ್ರೇಕ್ ಯಾಕೆ ಮುಟ್ಟಬೇಕು ಅಂತ ಕೇಳೋರಿಗೆ. ಎರಡೂ ಒಂದೇ ಜಾಗದಾಗ ಅದಾವೆ, ಒಂದು ಕೆಟ್ರೆ ಇನ್ನೊಂದನ್ನ ಕೆಡಿಸ್ತೈತಿ. ಜಿಪ್ಸಿಗೆ ಮುಂದೆ ಡಿಸ್ಕ್, ಬೇರಿಂಗ್ ಸಡಿಲ ಆದ್ರೆ ಡಿಸ್ಕ್ ಅಲ್ಲಾಡ್ತಾ ಪ್ಯಾಡನ್ನ ಹಿಂದಕ್ಕೆ ತಳ್ತೈತಿ, ಆಮ್ಯಾಲೆ ಬ್ರೇಕ್ ಒತ್ತಿದ್ರೆ ಪೆಡಲ್ ಮೊದಲನೇ ಸಲಕ್ಕೆ ಕೆಳಗೇ ಹೋಗ್ತೈತಿ, ಎರಡನೇ ಸಲಕ್ಕೆ ಹಿಡೀತೈತಿ. ಅದನ್ನ ನೋಡಿ ನೀವು ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಹೋಗೈತಿ ಅಂತ ಬರ್ತೀರಿ. ಹಳೇ ಜೀಪಿಗೆ ನಾಕೂ ಡ್ರಮ್ಮೇ, ಅಲ್ಲಿ ಸೀಲ್ ಸೋರಿ ಗ್ರೀಸ್ ಬ್ರೇಕ್ ಶೂ ಮ್ಯಾಲಿನ ಲೈನಿಂಗ್‌ಗೆ ಹತ್ತಿದ್ರೆ ಗಾಡಿ ಒಂದೇ ಕಡೆ ಎಳೀತೈತಿ, ಆ ಶೂ ಒರೆಸಿ ಹಾಕೋದಲ್ಲ, ಬದಲಿಸೋದೇ, ಅದೂ ಎರಡೂ ಕಡೆ. ಇನ್ನೊಂದು ಯಾರ ಕಣ್ಣಿಗೂ ಬೀಳಲ್ಲ: ಬ್ರೇಕ್ ಹೋಸ್, ಅಂದ್ರೆ ಬ್ರೇಕ್ ಆಯಿಲ್ ಹೋಗೋ ರಬ್ಬರ್ ಪೈಪು. ಹಳೇ ರಬ್ಬರ್ ಒಳಗೆ ಉಬ್ಬಿ ಒತ್ತಿದಾಗ ಆಯಿಲ್ ಬಿಡ್ತೈತಿ, ವಾಪಸ್ ಬಿಡಲ್ಲ. ಬ್ರೇಕ್ ಹಿಡ್ಕೊಂಡೇ ಓಡ್ತೈತಿ, ಹಬ್ ಕಾಯ್ತೈತಿ, ಗ್ರೀಸ್ ಕರಗ್ತೈತಿ, ಹೊಸ ಬೇರಿಂಗ್ ಸುಡ್ತೈತಿ, ಬೈಗುಳ ನಮಗೆ.

ಬ್ರೇಕ್ ಆಯಿಲ್ಲೂ ಅಷ್ಟೇ. ಅದು ಗಾಳಿಯಾಗಿನ ನೀರು ಹೀರ್ಕೊಂತೈತಿ. ಡಾಟ್ 3 ಅನ್ನೋ ದರ್ಜೆ ಆಯಿಲ್ ಹೊಸಾದು ಕಮ್ಮಿ ಅಂದ್ರೂ 205 ಡಿಗ್ರಿವರೆಗೂ ಕುದಿಯದಂಗೆ ತಡೀಬೇಕು ಅಂತ ಲೆಕ್ಕ, ನೀರು ಹೀರಿದ್ದಕ್ಕೆ ಆ ಲೆಕ್ಕ 140ಕ್ಕೆ ಇಳೀತೈತಿ. ಸಂಡೂರು ಗುಡ್ಡ ಲೋಡ್ ಹಾಕ್ಕೊಂಡು ಇಳಿಯುವಾಗ ಬ್ರೇಕ್ ಒತ್ತಿಒತ್ತಿ ಆಯಿಲ್ ಕುದ್ದು ಗುಳ್ಳಿ ಎದ್ರೆ ಪೆಡಲ್ ಮೆತ್ತಗಾಗಿಬಿಡ್ತೈತಿ. ಎರಡು ವರ್ಷಕ್ಕೊಮ್ಮೆ ಬದಲಿಸ್ರಿ ಅಂದ್ರೆ "ಆಯಿಲ್ ಕಮ್ಮಿ ಆಗಿಲ್ಲಲ್ಲ" ಅಂತೀರಿ, ಏನು ಹೇಳೋದು.

ಒಂದು ರಾತ್ರಿ ಯಾಕೆ ಅಂದ್ರೆ ಆತುರದ ಕೆಲಸ ಈ ಜಾಗದಾಗ ನಡೆಯಲ್ಲ. ಹಳೇ ಗ್ರೀಸ್ ಪೂರಾ ತೊಳೀಬೇಕು, ಕಪ್ ಹಿತ್ತಾಳೆ ರಾಡ್ ಇಟ್ಟು ಸುತ್ತಲೂ ಸಮ ಬಡಿದು ಕೂರಿಸಬೇಕು, ಗ್ರೀಸ್ ರೋಲರ್ ಸಂದಿಯಾಗ ಒಳಗಿಂದ ಹೊರಗೆ ಬರೋವರೆಗೂ ಅಂಗೈಯಾಗ ತುಂಬಬೇಕು. ಬರೀ ಮ್ಯಾಲೆ ಸವರಿದ್ರೆ ಆಗಲ್ಲ, ಪಟ್ಟಿಗೆ ಹೊಡಿಯೋ ಅಗ್ಗದ ಗ್ರೀಸ್ ಅಂತೂ ಆಗೋದೇ ಇಲ್ಲ, ಹಬ್ಬಿಗೆ ಬಿಸಿ ತಡೆಯೋ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಬೇಕು. ಆಮ್ಯಾಲೆ ಚಕ್ರ ತಿರುಗಿಸ್ತಾ ನಟ್ ಬಿಗಿ ಮಾಡಿ, ಬಿಟ್ಟು, ಮತ್ತೆ ಹಗುರಾಗಿ ಬಿಗಿದು ಲಾಕ್ ವಾಶರ್ ಕಿವಿ ಮಡಚಬೇಕು. ಜಾಸ್ತಿ ಬಿಗಿ ಆದ್ರೆ ಸುಡ್ತೈತಿ, ಸಡಿಲ ಆದ್ರೆ ಅಲ್ಲಾಡ್ತೈತಿ. ಛೀನಿ ಇಟ್ಟು ಸುತ್ತಿಗಿಲೆ ಆ ನಟ್ ತಿರುಗಿಸಿ ಅರ್ಧ ಗಂಟೇಲಿ ಕಳಿಸೋರು ಊರಾಗ ಅದಾರೆ, ಅವ್ರ ರೇಟೂ ಕಮ್ಮಿ, ನಮ್ಮತ್ರ ಅದಕ್ಕೆ ಅಂತಾನೇ ಸಾಕೆಟ್ ಐತಿ, ಟಾರ್ಕ್ ರೆಂಚ್ ಐತಿ. ಡ್ರಮ್ ಧೂಳು ಏರ್ ಹೊಡೆದು ಊದೋದನ್ನೂ ನಿಲ್ಸೀವಿ, ಹಳೇ ಲೈನಿಂಗ್‌ನಾಗ ಆಸ್ಬೆಸ್ಟಾಸ್ ಇರ್ತೈತಿ, ನಮ್ಮ ಹುಡುಗ್ರ ಎದಿಗೂ ಅದು ಒಳ್ಳೇದಲ್ಲ, ಪಕ್ಕ ನಿಂತಿರೋ ನಿಮಗೂ ಅಲ್ಲ. ಒದ್ದೆ ಮಾಡಿ ತೊಳೆಯೋಕೆ ಟೈಮ್ ಹಿಡೀತೈತಿ.

ಬಿಚ್ಚಿದ ಹಳೇ ಸಾಮಾನು ಚೀಲಕ್ಕೆ ಹಾಕಿ ಕೊಡ್ತೀವಿ, ಮನಿಗೆ ಒಯ್ದು ಬೇಕಾದೋರಿಗೆ ತೋರಿಸ್ರಿ. ಹೊಸ ಡಬ್ಬಿ ನಿಮ್ಮ ಮುಂದೇ ಒಡೀತೀವಿ, ನಿಂತು ನೋಡ್ತೀನಿ ಅಂದ್ರೆ ಸ್ಟೂಲ್ ಐತಿ, ಚಾ ಬರ್ತೈತಿ. 500 ಕಿಲೋಮೀಟರ್ ಓಡಿಸಿ ಒಂದ್ಸಲ ತನ್ರಿ, ನಟ್ ಮತ್ತೆ ನೋಡ್ತೀವಿ, ಅದಕ್ಕೆ ದುಡ್ಡಿಲ್ಲ. ಹಬ್ ಕೆಲಸ ನಮ್ಮ ಹಳೇ ಮೆಕ್ಯಾನಿಕ್ ಚಾಚಾನೇ ಮಾಡ್ತಾರೆ, ಹೊಸ ಹುಡುಗ್ರ ಕೈಗೆ ಕೊಡಲ್ಲ, ಅದು ಮೊದಲಿನಂಗೇ. ಭತ್ತ ಮಾರಿದ ಮ್ಯಾಲೆ ಕೊಡ್ತೀನಿ ಅನ್ನೋ ಸಿರುಗುಪ್ಪ ಕಡೆಯವ್ರ ಲೆಕ್ಕದ ಪುಸ್ತಕಾನೂ ಮೊದಲಿನಂಗೇ ನಡೀತೈತಿ, ಅದರ ಬಗ್ಗೆ ಹೆದರಬ್ಯಾಡ್ರಿ.

ಈಗಾಗ್ಲೇ ಪಾರ್ಟ್ಸ್ ತಂದು ಮನಿಯಾಗ ಇಟ್ಕೊಂಡೋರು ಈ ತಿಂಗಳ ಕೊನಿಯೊಳಗೆ ತನ್ರಿ. ಇಬ್ರೂ ಕೂತು ನೋಡೋಣ, ಅಸಲಿ ಇದ್ದು ಕಪ್, ಕೋನ್, ಸೀಲ್ ಪೂರ್ತಿ ಸೆಟ್ ಇದ್ರೆ ಹಳೇ ಲೇಬರ್‌ಗೇ ಹಾಕಿ ಕೊಡ್ತೀವಿ, ಗ್ಯಾರಂಟಿ ಮಾತ್ರ ಕೇಳಬ್ಯಾಡ್ರಿ.

ಬರೋಕೆ ಮುಂಚೆ ಮನಿ ಹತ್ರಾನೇ ಒಂದು ಚೆಕ್ ಮಾಡ್ರಿ. ಸಮ ನೆಲದ ಮ್ಯಾಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜ್ಯಾಕ್‌ನಿಂದ ಎತ್ತಿ ಸ್ಟ್ಯಾಂಡ್ ಇಡ್ರಿ, ಮ್ಯಾಲೆ ಕೆಳಗೆ ಹಿಡಿದು ಅಲ್ಲಾಡಿಸ್ರಿ. ಆಟ, ಅಂದ್ರೆ ಸಡಿಲ ಅಲ್ಲಾಟ, ಇದ್ರೆ ಮನಿಯವ್ರು ಯಾರಾದ್ರೂ ಬ್ರೇಕ್ ಒತ್ತಿ ಹಿಡೀಲಿ, ಆಗ ಆಟ ನಿಂತ್ರೆ ಬೇರಿಂಗ್, ನಿಲ್ದಿದ್ರೆ ಚಕ್ರ ಎಡಕ್ಕೆ ಬಲಕ್ಕೆ ಹೊರಳೋ ಕೀಲು, ಅಂದ್ರೆ ಕಿಂಗ್ ಪಿನ್ ಇಲ್ಲಾ ಬಾಲ್ ಜಾಯಿಂಟ್ ಕಡೆ ನೋಡಬೇಕು, ಖರ್ಚು ಬ್ಯಾರೆ. ಯಾವ ಗಾಡಿ, ಯಾವ ವರ್ಷ, ಯಾವ ಕಡೆ ಸದ್ದು ಅಂತ ವಾಟ್ಸಾಪ್‌ನಾಗ ಒಂದು ವಾಯ್ಸ್ ಹಾಕ್ರಿ, ಪಾರ್ಟ್ಸ್ ತರಿಸಿಟ್ಟು ದಿನ ಹೇಳ್ತೀವಿ. ಜಿಪ್ಸಿಯವ್ರು ಸ್ವಲ್ಪ ಮೊದ್ಲೇ ಹೇಳ್ರಿ, 2019ಕ್ಕೇ ಗಾಡಿ ಬರೋದು ನಿಂತೈತಿ, ಕೆಲವು ಸಾಮಾನು ಬೆಂಗಳೂರು ಜೆಸಿ ರೋಡಿಂದ ಬರಬೇಕು. ಅಮಾಸಿ ದಿನ ಶಟರ್ ತೆಗೆಯಲ್ಲ, ಅವತ್ತು ಮಾತ್ರ ಫೋನ್ ಮಾಡಬ್ಯಾಡ್ರಿ.

ಇಂತಿ,
ನಿಮ್ಮ ಗ್ಯಾರೇಜಿನವ್ರು, ಬಳ್ಳಾರಿ