ದೆವ್ವ ಹೊಲಿಯುವವರು ಅಂಚು ಬಿಟ್ಟು ಹೊಲಿಯಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹ್ಯಾಲೋವೀನ್ ಎಂಬ ಪರದೇಶದ ದೆವ್ವದ ಹಬ್ಬವನ್ನು ನಮ್ಮ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಹಾಕಿ ಹೊಲಿದು ಮನೆಯ ಗೋಡೆಗೆ ತೂಗುಹಾಕುತ್ತಿದ್ದಾರೆ, ಇದು ನಮ್ಮ ಸಂಸ್ಕೃತಿಗೆ ಒದಗಿದ ಕೇಡು ಎಂದು ಓದುಗರೊಬ್ಬರು ಈ ಅಂಕಣದಲ್ಲಿ ನೊಂದು ಬರೆದಿದ್ದರು. ನಾನು ಚಿಕ್ಕಬಳ್ಳಾಪುರದಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡವನು. ಅವರು ಹೇಳುವ ದೆವ್ವಗಳೆಲ್ಲ ಕೊನೆಗೆ ಬಂದು ಮಲಗುವುದು ನನ್ನ ಮೇಜಿನ ಮೇಲೆಯೇ. ತಿರುಪತಿ ತಿಮ್ಮಪ್ಪ, ಮದುವೆಯ ಜೋಡಿ, ನಿವೃತ್ತಿಯ ಸನ್ಮಾನಪತ್ರ, ಇವುಗಳ ನಡುವೆ ಒಂದು ಕರಿಬೆಕ್ಕು, ಒಂದು ಬಾವಲಿ, ಹಲ್ಲು ಕಿರಿಯುವ ಒಂದು ಕುಂಬಳಕಾಯಿ. ನನಗೆ ದೆವ್ವಗಳ ಮೇಲೆ ತಕರಾರಿಲ್ಲ. ತಕರಾರಿರುವುದು ಚಿತ್ರದ ಸುತ್ತ ಬಿಡಬೇಕಾದ ಬಟ್ಟೆಯ ಅಂಚಿನ ಬಗ್ಗೆ. ಅದನ್ನು ಹೇಳಲೆಂದೇ ಈ ಪತ್ರ.

ಮೊದಲು ಆ ಓದುಗರಿಗೆ ಒಂದೆರಡು ಮಾತು. ಬಿ.ಬಿ. ರಸ್ತೆಯ ಉದ್ದಕ್ಕೂ ಏಳುತ್ತಿರುವ ಹೊಸ ಕಟ್ಟಡಗಳನ್ನು ಅವರು ಒಮ್ಮೆ ಕತ್ತೆತ್ತಿ ನೋಡಲಿ. ಕೋರೆಹಲ್ಲು, ಹೊರಚಾಚಿದ ನಾಲಿಗೆ, ಗಿರಿಜಾ ಮೀಸೆಯ ದೃಷ್ಟಿಬೊಂಬೆ ತೂಗದ ಕಟ್ಟಡ ಒಂದಿದ್ದರೆ ತೋರಿಸಲಿ. ಆಯುಧಪೂಜೆಯ ಸಂಜೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆಯುವವರು ನಾವೇ. ಅದರ ಮೇಲೆ ಸ್ಕೂಟರ್ ಜಾರಿ ಬೀಳುವವರೂ ನಾವೇ. ಐರ್ಲೆಂಡಿನವರು ಹಿಂದೆ ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪ ಇಟ್ಟು ಕೆಟ್ಟ ಆತ್ಮಗಳನ್ನು ಹೆದರಿಸುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಹೇರಳವಾಗಿ ಸಿಗುವ, ಕೊರೆಯಲು ಸುಲಭವಾದ ಸಿಹಿಗುಂಬಳ ಅವರ ಕೈಗೆ ಬಂತು. ಹ್ಯಾಲೋವೀನ್ ಬರುವ ಅಕ್ಟೋಬರ್ 31ರ ರಾತ್ರಿಯ ಮರುದಿನ, ಅಂದರೆ ನವೆಂಬರ್ 1, ಅವರಿಗೆ ಸಕಲ ಸಂತರ ದಿನ. 2ರಂದು ಸತ್ತವರನ್ನು ನೆನೆಯುವ ದಿನ. ನಾವು ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ, ಕೆಜಿಎಫ್‌ನ ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ಇನ್ನು ಹೊಲಿಗೆಯ ಮಾತು. ಕ್ರಾಸ್ ಸ್ಟಿಚ್ ಎಂದರೆ ಧಾರವಾಡದ ಕಡೆಯವರು ಕಸೂತಿಯಲ್ಲಿ ಮೆಂತೆ ಎಂದು ಕರೆಯುವ ಎರಡು ಓರೆಗೆರೆ ಒಂದನ್ನೊಂದು ದಾಟುವ ಅದೇ ಹೊಲಿಗೆ. ಇದರಲ್ಲಿ ಪರದೇಶದ್ದು ಎಷ್ಟು, ನಮ್ಮದು ಎಷ್ಟು ಎಂದು ಅವರೇ ತೂಗಿ ನೋಡಲಿ, ನನಗೆ ಅಷ್ಟು ಪುರುಸೊತ್ತಿಲ್ಲ.

ಇವನ್ನು ಹೊಲಿಯುವವರು ಯಾರು ಎಂದು ಆ ಓದುಗರು ವಿಚಾರಿಸಿದಂತೆ ಕಾಣಲಿಲ್ಲ. ಫ್ಯಾಷನ್ನಿನ ಹುಡುಗಿಯರು ಎಂದುಕೊಂಡಿದ್ದಾರೆ. ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಅಜ್ಜಿಯರು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿರುತ್ತಾರೆ. ಮಗು ಮಲಗಿದರೆ ಮನೆ ನಿಶ್ಶಬ್ದ, ಹೊರಗೆ ಚಳಿ, ಮಾತಾಡಿಸಲು ಪಕ್ಕದ ಮನೆಯವರಿಲ್ಲ, ಅಳಿಯನಿಗೆ ಮೀಟಿಂಗು. ಮಗಳು ಒಂದು ಕಿಟ್ ತಂದು ಕೊಡುತ್ತಾಳೆ: ಚೌಕದ ಬಟ್ಟೆ, ಮೊಂಡು ತುದಿಯ ಸೂಜಿ, ಎಣಿಸಿ ಜೋಡಿಸಿದ ದಾರ, ಪ್ರತಿ ಬಣ್ಣಕ್ಕೂ ಒಂದು ಗುರುತು ಹಾಕಿದ ನಕ್ಷೆ. ಕಿಟಕಿಯ ಆಚೆ ಮೇಪಲ್ ಮರ ಕೆಂಪಾಗುವ ಹೊತ್ತಿಗೆ ಇವರ ಬಟ್ಟೆಯ ಮೇಲೂ ಎಲೆ ಕೆಂಪಾಗತೊಡಗುತ್ತದೆ. ಅಷ್ಟರಲ್ಲಿ ಹಿಂದಿರುಗುವ ದಿನ ಬರುತ್ತದೆ. ಉಳಿದರ್ಧವನ್ನು ಇಲ್ಲಿ, ಧಾರಾವಾಹಿಯ ಜಾಹೀರಾತುಗಳ ನಡುವೆ ಹೊಲಿಯುತ್ತಾರೆ. ಅಕ್ಟೋಬರ್‌ನಲ್ಲಿ ನಮ್ಮ ಕಡೆ ಎಲೆ ಉದುರುವುದಿಲ್ಲ. ಹೊಲದಲ್ಲಿ ರಾಗಿ ತೆನೆ ಬಲಿಯುತ್ತಿರುತ್ತದೆ, ಅವರೆ ಹೂ ಬಿಟ್ಟಿರುತ್ತದೆ, ಮಾರುಕಟ್ಟೆಯಲ್ಲಿ ಚೆಂಡುಹೂವಿನ ರಾಶಿ. ಕುಂಬಳದ ಕಿತ್ತಳೆ ದಾರ ಮುಗಿದುಹೋದ ಒಬ್ಬ ತಾಯಿ ಚೆಂಡುಹೂವೊಂದನ್ನು ಹಿಡಿದುಕೊಂಡು ದಾರದ ಅಂಗಡಿಗೆ ಹೋಗಿ ಬಣ್ಣ ಹೊಂದಿಸಿಕೊಂಡು ಬಂದರು. ನಾನು ಕಟ್ಟು ಹಾಕುವಾಗ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಹುಡುಕಿದೆ. ತಿಳಿಯಲಿಲ್ಲ.

ಇಷ್ಟು ಶ್ರಮಪಟ್ಟವರು ಕೊನೆಯಲ್ಲಿ ಮಾಡುವ ಅನ್ಯಾಯ ಕೇಳಿ. ಹೊಲಿಗೆ ಮುಗಿದ ಸಂತೋಷಕ್ಕೆ ಕತ್ತರಿ ತೆಗೆದುಕೊಂಡು ಚಿತ್ರದ ಸುತ್ತ ಅರ್ಧ ಬೆರಳು ಬಿಟ್ಟು ನೀಟಾಗಿ ಕತ್ತರಿಸಿಬಿಡುತ್ತಾರೆ. ನನ್ನ ಮುಂದೆ ಇಟ್ಟು, ‘ಚೆನ್ನಾಗಿ ಕಟ್ಟು ಹಾಕಿಕೊಡಪ್ಪ’ ಎನ್ನುತ್ತಾರೆ. ಎಲ್ಲಿ ಹಿಡಿದು ಎಳೆಯಲಿ ತಾಯಿ? ಬಟ್ಟೆ ರಟ್ಟಿನ ಹಿಂದಕ್ಕೆ ಮಡಚಬೇಕು, ಅಲ್ಲಿ ದಾರ ಹಾಕಿ ಬಿಗಿಯಬೇಕು. ಚಿತ್ರದ ನಾಲ್ಕೂ ಕಡೆ ಮೂರು ಅಂಗುಲ ಬಟ್ಟೆ ಇಲ್ಲದಿದ್ದರೆ ಆ ಕೆಲಸ ಆಗುವುದಿಲ್ಲ. ಲೆಕ್ಕ ಕಷ್ಟದ್ದಲ್ಲ. ಅಂಗುಲಕ್ಕೆ 14 ಚೌಕ ಇರುವ ಬಟ್ಟೆ ಎಂದುಕೊಳ್ಳಿ. ನಕ್ಷೆ ಅಡ್ಡಕ್ಕೆ 70, ಉದ್ದಕ್ಕೆ 98 ಚೌಕ ಇದ್ದರೆ ಚಿತ್ರ 5 ಅಂಗುಲಕ್ಕೆ 7 ಅಂಗುಲ ಬರುತ್ತದೆ. ಎರಡು ಬದಿಗೂ ಮೂರು ಮೂರು ಸೇರಿಸಿ 11ಕ್ಕೆ 13ರ ಬಟ್ಟೆ ತೆಗೆದುಕೊಳ್ಳಬೇಕು. ಅದೇ ನಕ್ಷೆಯನ್ನು ಅಂಗುಲಕ್ಕೆ 11 ಚೌಕದ ಬಟ್ಟೆಯ ಮೇಲೆ ಹೊಲಿದರೆ ಚಿತ್ರ ದೊಡ್ಡದಾಗುತ್ತದೆ, ತಂದ ಬಟ್ಟೆ ಸಾಲುವುದಿಲ್ಲ. ಇಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಮ್ಯಾಟಿ ಎಂಬ ಕಸೂತಿ ಬಟ್ಟೆಯನ್ನಂತೂ ಸೂಜಿ ಹಾಕುವ ಮೊದಲೇ ಸ್ಕೇಲ್ ಇಟ್ಟು ಎರಡೂ ಕಡೆಯಿಂದ ಎಣಿಸಿ ನೋಡಬೇಕು. ಅಡ್ಡಕ್ಕೂ ಉದ್ದಕ್ಕೂ ಎಣಿಕೆ ಒಂದೇ ಇಲ್ಲದಿದ್ದರೆ ದುಂಡಗಿನ ಕುಂಬಳ ಸೋರೆಕಾಯಿಯಾಗುತ್ತದೆ.

ಅದಕ್ಕಿಂತ ದೊಡ್ಡ ಪಾಪ ಅಂಟು. ಕಳೆದ ದಸರೆಯ ಹೊತ್ತಿಗೆ ಒಬ್ಬರು ಬೇರೆ ಊರಿನ ಅಂಗಡಿಯಲ್ಲಿ ಕಟ್ಟು ಹಾಕಿಸಿದ್ದ ಬೆಕ್ಕಿನ ಚಿತ್ರ ತಂದರು. ಕುಂಬಳಕಾಯಿಯ ಮೇಲೆ ಬೆನ್ನು ಬಿಲ್ಲಾಗಿಸಿ ನಿಂತ ಕರಿಬೆಕ್ಕು, ಹಿಂದೆ ಚಂದ್ರ. ಚಂದ್ರನ ಮೇಲೆಲ್ಲ ಹಳದಿ ಮಚ್ಚೆ. ಬಿಚ್ಚಿ ನೋಡಿದರೆ ಬಟ್ಟೆಯನ್ನು ಮಾಮೂಲಿ ರಟ್ಟಿಗೆ ಅಂಟು ಸವರಿ ಅಂಟಿಸಿದ್ದರು, ಅಂಚಿಗೆ ಸೆಲ್ಲೋಟೇಪು, ಮೇಲೆ ಗಾಜನ್ನು ದಾರಕ್ಕೆ ಒತ್ತಿ ಮೊಳೆ ಹೊಡೆದಿದ್ದರು. ಉಗುರುಬೆಚ್ಚಗಿನ ಒದ್ದೆ ಬಟ್ಟೆಯನ್ನು ಹಿಂಬದಿಗೆ ಇಟ್ಟು, ರಟ್ಟು ಮೆತ್ತಗಾದಂತೆ ಪದರ ಪದರವಾಗಿ ಕೀಳುತ್ತಾ ಹೋದೆ. ಬಾಲದ ತುದಿಗೆ ಬಂದಾಗ ಕೈ ನಡುಗಿತು, ಅಲ್ಲಿ ಹೊಲಿಗೆ ಬಟ್ಟೆಯ ಅಂಚಿಗೇ ತಗುಲಿತ್ತು, ಒಂದು ಎಳೆ ಬಿಚ್ಚಿಕೊಂಡರೆ ಬಾಲ ಹೋದಂತೆಯೇ. ಬಾಲ ಉಳಿಯಿತು. ಮಚ್ಚೆ ಪೂರ್ತಿ ಹೋಗಲಿಲ್ಲ. ಆ ತಾಯಿ ‘ಚಂದ್ರನಿಗೆ ಕಲೆ ಇರುವುದು ಸಹಜ ಬಿಡಿ’ ಎಂದು ದುಡ್ಡು ಕೊಟ್ಟು ಹೋದರು. ನನಗೆ ಸಮಾಧಾನವಾಗಲಿಲ್ಲ.

ಆದ್ದರಿಂದ ಕಟ್ಟು ಹಾಕಿಸುವವರು ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ಅಂಟು ಹಾಕುತ್ತೀರಾ?’ ಹೌದು ಎಂದರೆ ಚಿತ್ರ ಎತ್ತಿಕೊಂಡು ಮನೆಗೆ ಹೋಗಿ. ಆಮ್ಲ ಇಲ್ಲದ ಮೌಂಟ್ ಬೋರ್ಡನ್ನು ಅಳತೆಗೆ ಕತ್ತರಿಸಿ, ಬಟ್ಟೆಯನ್ನು ಅದರ ಮೇಲೆ ಹಾಸಿ, ನಾಲ್ಕೂ ಬದಿಯ ನಡುಮಧ್ಯದಲ್ಲಿ ಗುಂಡುಸೂಜಿ ಚುಚ್ಚಿ, ಅಲ್ಲಿಂದ ಮೂಲೆಯ ಕಡೆಗೆ ಸಾಗಬೇಕು. ಚೌಕದ ಸಾಲು ರಟ್ಟಿನ ಅಂಚಿಗೆ ನೇರವಾಗಿದೆಯೇ ಎಂದು ಪ್ರತಿ ಸೂಜಿಗೂ ನೋಡಬೇಕು. ಆಮೇಲೆ ತಿರುಗಿಸಿ, ಚೀಲ ಹೊಲಿಯುವ ಗಟ್ಟಿ ದಾರದಿಂದ ಈ ಅಂಚಿನಿಂದ ಆ ಅಂಚಿಗೆ ಮಂಚದ ನವಾರಿನಂತೆ ಎಳೆದು ಬಿಗಿಯಬೇಕು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಮುಂದೊಂದು ದಿನ ಬಿಚ್ಚಬೇಕೆಂದರೆ ದಾರ ಕತ್ತರಿಸಿದರೆ ಸಾಕು, ಬಟ್ಟೆಗೆ ಏನೂ ಆಗಿರುವುದಿಲ್ಲ. ಗಾಜು ಬೇಕೆಂದರೆ ನಡುವೆ ಮೌಂಟಿನ ಅಂಚು ಕೊಟ್ಟು ದಾರಕ್ಕೆ ತಾಗದಂತೆ ಎತ್ತರಿಸಬೇಕು. ಇಷ್ಟಕ್ಕೆ ಅರ್ಧ ದಿನ ಹಿಡಿಯುತ್ತದೆ. ಕ್ಯಾಲೆಂಡರ್ ದೇವರಿಗೆ ಹಾಕುವ ಕಟ್ಟಿನ ಬೆಲೆಗೆ ಇದನ್ನೂ ಮಾಡಿಕೊಡಿ ಎನ್ನುವವರಿಗೆ ನಾನು ಕೈಮುಗಿಯುತ್ತೇನೆ.

ಹೊಲಿಗೆಯ ಬಗ್ಗೆ ಹೇಳಲು ನಾನು ಯಾರು? ಆದರೆ ಹಿಂಬದಿ ನೋಡುವವನು ನಾನೊಬ್ಬನೇ. ಮುಂದಿನಿಂದ ಎಲ್ಲರೂ ನೋಡುತ್ತಾರೆ. ನನ್ನ ಹೆಂಡತಿ ಇಂಥ ಕೆಲಸದಲ್ಲಿ ಪಳಗಿದವಳು, ಅಂಗಡಿಗೆ ಬಂದ ಚಿತ್ರವನ್ನು ಮಗುಚಿ ನೋಡಿಯೇ ಹೊಲಿದವರ ಸ್ವಭಾವ ಹೇಳುತ್ತಾಳೆ. ಗಂಟು ಹಾಕಿದರೆ ಕಟ್ಟು ಹಾಕಿದ ಮೇಲೆ ಮುಂದೆ ಉಬ್ಬು ಕಾಣುತ್ತದೆ. ಕಪ್ಪು ದಾರವನ್ನು (ಆ್ಯಂಕರ್‌ನಲ್ಲಿ ಅದರ ಸಂಖ್ಯೆ 403, ಡಿಎಂಸಿಯಲ್ಲಿ 310; ಇವೆರಡೂ ದಾರದ ಕಂಪನಿಗಳು) ಒಂದು ಬಾವಲಿಯಿಂದ ಇನ್ನೊಂದು ಬಾವಲಿಗೆ ಹಿಂದಿನಿಂದಲೇ ಎಳೆದುಕೊಂಡು ಹೋದರೆ ಬಿಳಿ ಬಟ್ಟೆಯಲ್ಲಿ ಅದರ ನೆರಳು ಬೀಳುತ್ತದೆ. ಅಲ್ಲಿಯೇ ಮುಗಿಸಿ, ಹೊಸದಾಗಿ ಶುರುಮಾಡಬೇಕು. ಆರು ಎಳೆಯ ದಾರದಲ್ಲಿ ಎರಡೇ ಎಳೆ ಬಿಡಿಸಿಕೊಂಡು ಹೊಲಿಯುವಾಗ ಮೇಲಿನ ಗೆರೆ ಎಲ್ಲ ಚೌಕದಲ್ಲೂ ಒಂದೇ ದಿಕ್ಕಿಗೆ ಒರಗಬೇಕು. ಮನೆಯಲ್ಲಿ ಗೊತ್ತಾಗದಿದ್ದರೂ ನನ್ನ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತಪ್ಪಿದ ಚೌಕ ಬೇರೆಯೇ ಹೊಳೆಯುತ್ತದೆ. ಹ್ಯಾಲೋವೀನ್ ಚಿತ್ರಗಳಲ್ಲಿ ಕೆಲವಕ್ಕೆ ಬಟ್ಟೆಯೇ ಕಪ್ಪು, ರಂಧ್ರ ಕಾಣುವುದಿಲ್ಲ. ಹೆಂಡತಿ ನನ್ನ ಬಿಳಿ ಪಂಚೆಯನ್ನು ಮಡಿಲಲ್ಲಿ ಹಾಸಿಕೊಂಡು ಅದರ ಮೇಲೆ ಬಟ್ಟೆ ಹಿಡಿಯುತ್ತಾಳೆ, ಆಗ ಪ್ರತಿ ರಂಧ್ರವೂ ಬಿಳಿ ಚುಕ್ಕೆಯಾಗಿ ಎದ್ದು ಬರುತ್ತದೆ. ಪಂಚೆ ಹೋದದ್ದು ಹೋಯಿತು. ಕತ್ತಲಲ್ಲಿ ಹೊಳೆಯುವ ದಾರವೂ ಬಂದಿದೆ, ಡಿಎಂಸಿಯ ಇ940. ಮೊಮ್ಮಗನಿಗೆ ದೆವ್ವ ರಾತ್ರಿ ಹೊಳೆಯಬೇಕಂತೆ. ಬಿರುಸಾದ ದಾರ ಅದು, ಗೇಣುದ್ದ ಮಾತ್ರ ತೆಗೆದುಕೊಂಡು ಹೊಲಿಯಬೇಕು. ಹತ್ತಿಯಲ್ಲವಾದ್ದರಿಂದ ಅದರ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ನೇರವಾಗಿ ಇಡಬಾರದು.

ತೊಳೆಯದೆ ತರಬೇಡಿ. ಹೊಲಿದ ಕೈಯಲ್ಲಿ ಎಣ್ಣೆ ಇರುತ್ತದೆ, ಅರಿಶಿನ ಇರುತ್ತದೆ. ಇವತ್ತು ಕಾಣುವುದಿಲ್ಲ, ಕೆಲವು ವರ್ಷಗಳಲ್ಲಿ ಕಂದು ಕಲೆಯಾಗಿ ಏಳುತ್ತದೆ. ತಣ್ಣೀರು, ಸೌಮ್ಯವಾದ ಸೋಪು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತುವುದು. ಕೆಂಪು ಎಲೆ ಬಣ್ಣ ಬಿಟ್ಟರೆ ಗಾಬರಿಯಾಗಿ ಒಣಗಿಸಬೇಡಿ, ನೀರು ತಿಳಿಯಾಗುವವರೆಗೆ ತಣ್ಣೀರು ಬದಲಿಸುತ್ತಲೇ ಇರಿ. ದಪ್ಪ ಟವೆಲಿನ ಮೇಲೆ ಚಿತ್ರವನ್ನು ಮುಖ ಕೆಳಗಾಗಿ ಮಲಗಿಸಿ ಇಸ್ತ್ರಿ ಮಾಡಿದರೆ ಹೊಲಿಗೆ ಚಪ್ಪಟೆಯಾಗುವುದಿಲ್ಲ. ಕಸೂತಿ ರಿಂಗನ್ನು ರಾತ್ರಿಯಿಡೀ ಬಟ್ಟೆಗೆ ಬಿಟ್ಟರೆ ಉಳಿಯುವ ಉಂಗುರದ ಗುರುತನ್ನು ತೆಗೆಯುವ ವಿದ್ಯೆ ನನ್ನಲ್ಲಿಲ್ಲ.

ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತೊಂದನ್ನೂ ಹೇಳಿಬಿಡುತ್ತೇನೆ. ಎಲ್ಲಕ್ಕೂ ಕಟ್ಟು ಬೇಕಿಲ್ಲ. ಇವು ವರ್ಷಕ್ಕೊಮ್ಮೆ ಹೊರಬಂದು ಮತ್ತೆ ಪೆಟ್ಟಿಗೆಗೆ ಹೋಗುವ ಚಿತ್ರಗಳು, ನಮ್ಮ ದಸರಾ ಬೊಂಬೆಗಳಿಗೆ ಇರುವ ಹಾಗೆಯೇ ಒಂದು ಋತು. ಅಂಗೈಯಗಲದ ಚಿಕ್ಕ ಚಿತ್ರಗಳಿಗೆ ಹಿಂದೆ ಹತ್ತಿ ಬಟ್ಟೆ ಕೊಟ್ಟು, ಒಳಗೆ ಹತ್ತಿ ತುಂಬಿ ಪುಟ್ಟ ದಿಂಬು ಮಾಡಿ ತಟ್ಟೆಯಲ್ಲಿ ಜೋಡಿಸಿಡಬಹುದು. ಎಲೆ, ಕಾಗೆ, ಬೆರ್ಚಪ್ಪ, ಕುಂಬಳ ಎಂದು ಬಿಡಿಬಿಡಿಯಾಗಿ ಹೊಲಿದದ್ದನ್ನು ಸಾಲಾಗಿ ದಾರಕ್ಕೆ ಕಟ್ಟಿದರೆ ತೋರಣ. ಇನ್ನು ಮಗಳಿಗೆ ಕಳಿಸುವವರು ಗಾಜು ಹಾಕಿಸಲೇಬೇಡಿ. ರಟ್ಟಿಗೆ ಬಿಗಿದು ಹಾಗೆಯೇ ಕಳಿಸಿ. 5ಕ್ಕೆ 7, 8ಕ್ಕೆ 10 ಅಂಗುಲದ ಸಿದ್ಧ ಫ್ರೇಮುಗಳು ಅಲ್ಲಿ ಎಲ್ಲ ಕಡೆ ಸಿಗುತ್ತವೆ, ಆ ಅಳತೆಗೆ ಬಿಗಿಸಿಕೊಂಡರೆ ಅಳಿಯನೇ ಕೂರಿಸುತ್ತಾನೆ.

ಈಗ ತಮ್ಮಲ್ಲಿ ವಿನಂತಿ. ತಮ್ಮ ಮಹಿಳಾ ಪುರವಣಿಯಲ್ಲಿ ಆಗಾಗ ಹೊಲಿಗೆಯ ನಕ್ಷೆ ಅಚ್ಚಾಗುತ್ತದೆ. ಹೂವು, ನವಿಲು, ಗಣಪತಿ, ಎಲ್ಲವೂ ಚೆನ್ನ. ಆದರೆ ನಕ್ಷೆಯ ಕೆಳಗೆ ಎಷ್ಟು ಚೌಕ, ಯಾವ ಎಣಿಕೆಯ ಬಟ್ಟೆ, ಎಷ್ಟು ಅಂಚು ಎಂಬ ಮೂರು ಸಾಲು ಇರುವುದಿಲ್ಲ. ಮುಗಿದ ಮೇಲೆ ತೊಳೆಯುವುದು, ಬಿಗಿಯುವುದು ಹೇಗೆ ಎಂದು ಯಾರೂ ಬರೆಯುವುದಿಲ್ಲ. ಒಂದು ವಾರ ಪಾಕವಿಧಾನಕ್ಕೆ ರಜೆ ಕೊಟ್ಟು ಆ ಜಾಗದಲ್ಲಿ ಇದನ್ನು ಹಾಕಿ. ಅದೂ ಆಷಾಢದಲ್ಲಿಯೇ ಹಾಕಿ, ದಸರೆ ಹತ್ತಿರ ಬಂದಾಗ ಅಲ್ಲ. ನವರಾತ್ರಿ ಹತ್ತಿರವಾದಂತೆ ನನ್ನಂಥವರ ಅಂಗಡಿಗಳಲ್ಲಿ ಆಯುಧಪೂಜೆಗೆ ಬೇಕಾದ ದೇವರ ಪಟಗಳದ್ದೇ ಸಂತೆ. ಆಗ ಬಂದು ‘ಮೂವತ್ತೊಂದಕ್ಕೆ ನ್ಯೂಜೆರ್ಸಿಯಲ್ಲಿ ಇರಬೇಕು’ ಎಂದರೆ ನಾನಾದರೂ ಏನು ಮಾಡಲಿ? ಮಹಾಲಯಕ್ಕೆ ಮುಂಚೆ ತಂದವರ ಕೆಲಸ ಮಾತ್ರ ನಾನು ಒಪ್ಪಿಕೊಳ್ಳುತ್ತೇನೆ.

ಕೊನೆಯದಾಗಿ, ಕಳೆದ ವರ್ಷ ಒಣಮರದ ಕೊಂಬೆಯ ಮೇಲೆ ಕುಳಿತ ಗೂಬೆಯ ಚಿತ್ರ ಕೊಟ್ಟು ಮುಂಗಡವನ್ನೂ ಕೊಟ್ಟು ಹೋದವರು ಈ ಪತ್ರಿಕೆಯ ಓದುಗರಾಗಿದ್ದರೆ ದಯವಿಟ್ಟು ಬಂದು ಒಯ್ಯಬೇಕು. ಕೆಲಸ ಮುಗಿದು ಬಹಳ ಕಾಲವಾಯಿತು, ರಸೀದಿಯಲ್ಲಿ ಬರೆದ ಮೊಬೈಲ್ ಸಂಖ್ಯೆ ಹತ್ತುತ್ತಿಲ್ಲ. ಅಂಗಡಿಯ ಮಾಲೀಕರ ತಾಯಿ ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಹೋಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಫೋಟೊ ಫ್ರೇಮ್ ಅಂಗಡಿಯವನು,
ಚಿಕ್ಕಬಳ್ಳಾಪುರ