ಮಗಳಿಗೊಂದು ಪತ್ರ: ನೀನು ಕಳಿಸಿದ ಜನತಾ ವಾಚು

ಕಲಬುರಗಿ
ಗುರುವಾರ ರಾತ್ರಿ

ಅವ್ವಿ,

ನೀನು ಆನ್‌ಲೈನ್ ಹರಾಜಿನಲ್ಲಿ ತೊಗೊಂಡು ಕಳಿಸಿದ ವಾಚು ಮಂಗಳವಾರ ಬಂತು. ಫೋನಿನಲ್ಲಿ "ಬಂತವ್ವಾ, ಚಂದ ಇದೆ" ಅಂದೆ. ಅಷ್ಟೇ ಹೇಳಿ ಇಟ್ಟೆ. ಪಕ್ಕದಲ್ಲೇ ಇದ್ದ ನಿಮ್ಮವ್ವ, "ಹೇಳೋದಿದ್ರೆ ಪೂರ್ತಿ ಹೇಳ್ರಿ, ಹಿಂಗ್ಯಾಕ ನುಂಗತೀರಿ" ಅಂದಳು. ಫೋನಿನಲ್ಲಿ ಹೇಳೋಕೆ ಹೋದರೆ ನೀನು ಅರ್ಧಕ್ಕೇ "ಸಾರಿ ಅಪ್ಪಾ" ಅಂತ ಶುರು ಮಾಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ವಾಚಿನ ಡಯಲು ಫ್ಯಾಕ್ಟರಿಯದ್ದಲ್ಲ. ಹಳೇ ಡಯಲು ಉಜ್ಜಿ, ಮತ್ತೆ ಬಣ್ಣ ಹೊಡೆದು, ಅಕ್ಷರ ಒತ್ತಿದ್ದಾರೆ.

ಡಬ್ಬಿ ತೆಗೆದಾಗ ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕಡುನೀಲಿ ಡಯಲು, ಮೇಲೆ ಎಚ್‌ಎಂಟಿ, ಜನತಾ ಅಂತ ಹೆಸರು. ಆಮೇಲೆ ನನ್ನ ವಾಚ್ ರಿಪೇರಿ ಅಂಗಡಿಗೆ ಒಯ್ದು ಕಣ್ಣಿಗೆ ಭೂತಗನ್ನಡಿ ಗ್ಲಾಸು ಹಾಕಿಕೊಂಡು ನೋಡಿದೆ. "17 ಜುವೆಲ್ಸ್" ಅನ್ನೋ ಅಕ್ಷರಗಳ ಅಂಚು ಹಿಂಜಿದ ಹಾಗಿದೆ, ಒದ್ದೆ ಕಾಗದದ ಮೇಲೆ ಪೆನ್ನಿನಲ್ಲಿ ಬರೆದರೆ ಆಗುತ್ತಲ್ಲ, ಹಾಗೆ. ಫ್ಯಾಕ್ಟರಿ ಅಕ್ಷರ ಚೂಪಾಗಿರುತ್ತದೆ. ಮುಳ್ಳು ಕೂರುವ ನಡುವಿನ ತೂತಿನ ಒಳಗೂ ನೀಲಿ ಇಳಿದಿದೆ. ನಿಮಿಷದ ಮುಳ್ಳು ಅಂಚಿನ ಗೆರೆಗಳ ತನಕ ಹೋಗುವುದೇ ಇಲ್ಲ, ಒಂದು ಜೋಳದ ಕಾಳಿನಷ್ಟು ಮೊದಲೇ ನಿಲ್ಲುತ್ತದೆ. ಅಂದರೆ ಆ ಮುಳ್ಳು ಬೇರೆ ಯಾವುದೋ ವಾಚಿನದು. ಹಿಂದಿನ ಮುಚ್ಚಳ ತೆಗೆದೆ. ಒಳಗಿನ ಮಷೀನು ಮಾತ್ರ ಅಪ್ಪಟ ಎಚ್‌ಎಂಟಿ. ಚಾವಿ ಕೊಟ್ಟರೆ ಓಡುತ್ತದೆ, ಸದ್ದೂ ಚೆನ್ನಾಗಿದೆ.

ಮಾರಿದವನು ಸೈಟಿನಲ್ಲಿ ಬರೆದಿದ್ದರ ಸ್ಕ್ರೀನ್‌ಶಾಟು ನೀನು ಕಳಿಸಿದ್ದೆಯಲ್ಲ, ಅದನ್ನು ಮತ್ತೆ ಓದಿದೆ. ನೀನು ಪೂರ್ತಿ ಓದಿಲ್ಲ ಅಂತಲ್ಲ, ಓದಿದ್ದೀಯ. ಆದರೆ ಅವನು ಬರೆದದ್ದನ್ನು ನೀನು ನಿನ್ನ ಅರ್ಥದಲ್ಲಿ ಓದಿದ್ದೀಯ. "ವಿಂಟೇಜ್, ರಿಸ್ಟೋರ್ಡ್, ವರ್ಕಿಂಗ್ ಕಂಡೀಶನ್, ಫೋಟೊ ನೋಡಿ ತೀರ್ಮಾನಿಸಿ." ಇದರಲ್ಲಿ ಒಂದೂ ಸುಳ್ಳಿಲ್ಲ, ನೋಡು. ರಿಸ್ಟೋರ್ಡ್ ಅಂದರೆ ರಿಪೇರಿ ಮಾಡಿದ್ದು ಅಂತ ನೀನು ತಿಳಿದೆ. ಅವನ ಭಾಷೆಯಲ್ಲಿ ಅದು ಬಣ್ಣ ಹೊಡೆದದ್ದು. ಡಯಲು ಒರಿಜಿನಲ್ ಇದ್ದರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯುತ್ತಿದ್ದ, ಯಾಕೆಂದರೆ ಅದಕ್ಕೇ ರೇಟು ಜಾಸ್ತಿ. ಅವನು ಆ ಮಾತೇ ಎತ್ತಿಲ್ಲ. ಫೋಟೊಗಳೂ ಅಷ್ಟೇ. ಆರು ಹಾಕಿದ್ದಾನೆ. ಆರೂ ಮುಂದಿನಿಂದ, ಆರೂ ಸ್ವಲ್ಪ ದೂರದಿಂದ. ಮುಚ್ಚಳ ತೆಗೆದ ಫೋಟೊ ಒಂದೂ ಇಲ್ಲ.

ಬಣ್ಣ ಹೊಡೆಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದೂ ಕೈಗೆಲಸವೇ. ಎಷ್ಟೋ ಗಿರಾಕಿಗಳಿಗೆ ನಾನೇ ಮಾಡಿಸಿಕೊಟ್ಟಿದ್ದೇನೆ. ನೀರು ಹೊಕ್ಕು ಡಯಲು ಹಾಳಾದರೆ ಇನ್ನೇನು ಮಾಡೋದು? ಆದರೆ ಕೊಡುವಾಗ ಬಾಯಿಬಿಟ್ಟು ಹೇಳಬೇಕು.

ಬೆಂಗಳೂರಿನ ಎಚ್‌ಎಂಟಿ ಫ್ಯಾಕ್ಟರಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ವಾಚು ಮಾಡೋಕೆ ಶುರು ಮಾಡಿತು. ನಾನು ಕೆಲಸ ಕಲಿಯುವ ಹೊತ್ತಿಗೆ ಈ ಊರಿನಲ್ಲಿ ಅಳಿಯನಿಗೆ ಎಚ್‌ಎಂಟಿ ಹಾಕದ ಮದುವೆ ಕಡಿಮೆ. 2016ರಲ್ಲಿ ಸರ್ಕಾರ ಆ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಅಲ್ಲಿಂದ ಶುರುವಾಯಿತು ನೋಡು ಈ ಹುಚ್ಚು. ನಾವು ಬಿಡಿಭಾಗಕ್ಕೆ ಅಂತ ಡಬ್ಬಿಯಲ್ಲಿ ಎಸೆದಿದ್ದ ವಾಚುಗಳಿಗೆಲ್ಲ ಬೆಲೆ ಬಂತು. ಬೆಲೆ ಬಂದ ಕಡೆ ಬಣ್ಣವೂ ಬರುತ್ತದೆ.

ಈಗ ನನ್ನ ಕತೆ. ಇದನ್ನು ನಿಮ್ಮವ್ವನಿಗೂ ಇಲ್ಲಿತನಕ ಹೇಳಿಲ್ಲ, ಅವಳೆದುರು ಓದಬೇಡ. ನಾಲ್ಕು ವರ್ಷದ ಹಿಂದೆ ನಾನೂ ಒಂದು ಆನ್‌ಲೈನ್ ಹರಾಜಿನಲ್ಲಿ ಹನ್ನೆರಡು ಹಳೇ ಎಚ್‌ಎಂಟಿಗಳ ಒಂದು ಲಾಟು ತೊಗೊಂಡೆ. ₹1,500ರ ಮೇಲೆ ಹೋಗಬಾರದು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ಮುಗಿಯುವ ಹರಾಜು. ಕೊನೇ ಎರಡು ನಿಮಿಷದಲ್ಲಿ ಯಾರೋ ₹100 ಏರಿಸಿದ, ನಾನು ಏರಿಸಿದೆ, ಅವನು ಏರಿಸಿದ. ₹2,600ಕ್ಕೆ ನಿಂತಿತು. ಗೆದ್ದೆ ಅಂತ ಎದ್ದು ನೀರು ಕುಡಿದೆ! ಪಾರ್ಸಲ್ ಬಂದಾಗ ನೋಡಿದರೆ ಒಂಬತ್ತರಲ್ಲಿ ಬ್ಯಾಲೆನ್ಸೇ ಇಲ್ಲ, ಒಳಗೆ ಟಿಕ್ ಟಿಕ್ ಅಂತ ಆಡುವ ಚಕ್ರ ಅದು. ಬರೀ ಚಿಪ್ಪು.

ವಿವರದಲ್ಲಿ "ಟೆಸ್ಟ್ ಮಾಡಿಲ್ಲ" ಅಂತ ಬರೆದಿದ್ದ. ಪಾಪ, ಅವನಿಗೆ ವಾಚಿನ ಬಗ್ಗೆ ಗೊತ್ತಿಲ್ಲ ಅಂದುಕೊಂಡೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನಾನು! ಚಾವಿ ವಾಚು ಟೆಸ್ಟ್ ಮಾಡೋಕೆ ಎರಡು ಬೆರಳು ಸಾಕು ಅವ್ವಿ, ಹತ್ತು ಸೆಕೆಂಡು ಸಾಕು. ಫೋಟೊ ತೆಗೆಯೋಕೆ ಹನ್ನೆರಡು ವಾಚನ್ನು ಸಾಲಾಗಿ ಜೋಡಿಸಿದವನು ಒಂದಕ್ಕಾದರೂ ಚಾವಿ ತಿರುಗಿಸಿ ನೋಡದೇ ಇರುತ್ತಾನಾ? ಈಗ ಆ ಮಾತು ಕಂಡರೆ ಓಡುವುದಿಲ್ಲ ಅಂತಲೇ ಓದಿಕೊಳ್ಳುತ್ತೇನೆ. ಅದಕ್ಕೆ ತಕ್ಕ ರೇಟಿದ್ದರೆ ಮಾತ್ರ ಕೈ ಹಾಕುತ್ತೇನೆ.

ನಿನ್ನ ಮುತ್ಯಾ ಗಂಜ್ ಮಾರುಕಟ್ಟೆಗೆ ತೊಗರಿ ಒಯ್ಯುವಾಗ ನನ್ನನ್ನೂ ಕರಕೊಂಡು ಹೋಗುತ್ತಿದ್ದರು. ಅಡತಿ ಅಂಗಡಿಗೆ ಬಂದ ಖರೀದಿದಾರ ಚೀಲದ ಬಾಯಲ್ಲಿ ಕಂಡ ಕಾಳನ್ನು ನೋಡುತ್ತಲೇ ಇರಲಿಲ್ಲ. ಚೂಪು ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಳ್ಳುತ್ತಿದ್ದ. ಊದುತ್ತಿದ್ದ, ಒಂದು ಕಾಳು ಹಲ್ಲಿಗೆ ಹಾಕಿ ಕಚ್ಚುತ್ತಿದ್ದ. ಈಗ ಗಂಜಿನಲ್ಲೂ ರೇಟು ಕಂಪ್ಯೂಟರ್‌ನಲ್ಲೇ ಹಾಕುತ್ತಾರೆ. ಆದರೆ ಹಾಕುವ ಮೊದಲು ರಾಶಿ ಮುಂದೆ ಬಂದು ನಿಲ್ಲುತ್ತಾರೆ. ನಿನಗೆ ಫೋನಿನಲ್ಲಿ ಚುಚ್ಚಿ ನೋಡೋಕೆ ಆಗಲ್ಲ, ಅಲ್ವಾ? ಅದಕ್ಕೇ ಕೇಳಬೇಕು. "ಮುಚ್ಚಳ ತೆಗೆದು ಮಷೀನಿನ ಫೋಟೊ ಕಳಿಸಿ, ಡಯಲು ಒರಿಜಿನಲ್ಲಾ, ರೀಪೇಂಟಾ?" ಅಂತ ಸೈಟಿನ ಮೆಸೇಜಿನಲ್ಲೇ ಕೇಳು, ಹೊರಗೆ ವಾಟ್ಸಾಪಿನಲ್ಲಿ ಬೇಡ. ಕೊಟ್ಟ ಉತ್ತರ ಅಲ್ಲೇ ಉಳಿಯುತ್ತದೆ, ನಾಳೆ ತೋರಿಸೋಕೆ ಬರುತ್ತದೆ. ಉತ್ತರ ಕೊಡದಿದ್ದರೆ ಅದೂ ಉತ್ತರವೇ. "ಸೈಟು ಬಿಟ್ಟು ನನಗೇ ಯುಪಿಐ ಮಾಡಿ, ಕಡಿಮೆಗೆ ಕೊಡ್ತೀನಿ" ಅಂದರೆ ಅಲ್ಲಿಗೇ ಬಿಟ್ಟುಬಿಡು. ಹೊರಗೆ ದುಡ್ಡು ಕೊಟ್ಟರೆ ಸೈಟಿನವರು ನಿನ್ನ ಪರ ನಿಲ್ಲುವುದಿಲ್ಲ.

ಇನ್ನೊಂದು ಅನುಮಾನ ಇದೆ, ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನೀನು ಮಿತಿ ಹಾಕಿದ್ದು ₹1,900, ಅಲ್ವಾ? ಮಿತಿ ಹಾಕಿಟ್ಟರೆ ಸೈಟು ನಿನ್ನ ಪರವಾಗಿ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಎದುರಿನವನು ಎಲ್ಲಿ ಬಿಟ್ಟನೋ ಅದರ ಮೇಲೊಂದು ಹೆಜ್ಜೆಗೆ ನಿನ್ನದಾಗುತ್ತದೆ. ನಿನಗೆ ₹1,850ಕ್ಕೆ ಸಿಕ್ಕಿದೆ. ನಿನ್ನ ಮಿತಿಗೆ ಒಂದೇ ಹೆಜ್ಜೆ ಕೆಳಗೆ ಬಂದು ನಿಂತಿದೆ. ಸುಮ್ನೆ ಹಾಗಾಗಿರಬಹುದು. ಆದರೆ ಶರಣಬಸವೇಶ್ವರ ಜಾತ್ರೆಯಲ್ಲಿ ನೀನು ಚಿಕ್ಕವಳಿದ್ದಾಗ ನೋಡಿಲ್ಲವಾ, ಅಂಗಡಿಯವನ ಮಗ್ಗುಲಲ್ಲಿ ಗಿರಾಕಿ ಥರ ನಿಂತು "ನನಗೇ ಕೊಡ್ರಿ, ನಾ ಒಯ್ತೀನಿ" ಅನ್ನುವವನನ್ನು? ಅವನು ಏನೂ ಒಯ್ಯುವುದಿಲ್ಲ. ಸಂಜೆತನಕ ಅಲ್ಲೇ ಇರುತ್ತಾನೆ. ಬಿಡ್ ಹಿಸ್ಟರಿ, ಅಂದರೆ ಯಾರು ಎಷ್ಟೆಷ್ಟು ಏರಿಸಿದರು ಅನ್ನೋ ಪಟ್ಟಿ, ತೆಗೆದು ನೋಡು. ಒಬ್ಬನೇ ಹತ್ತು ಸಲ ಸ್ವಲ್ಪ ಸ್ವಲ್ಪ ಏರಿಸಿದ್ದರೆ, ಅದೇ ಮಾರುವವನ ಬೇರೆ ವಾಚುಗಳಿಗೂ ಅವನೇ ಬಿಡ್ ಹಾಕಿ ಒಂದೂ ಗೆದ್ದಿಲ್ಲದಿದ್ದರೆ, ಅವನು ಜಾತ್ರೆಯ ಗಿರಾಕಿ.

ಕಾನೂನಿನ ಮಾತು ನಿನಗೇ ಜಾಸ್ತಿ ಗೊತ್ತು, ಆದರೂ ನಮ್ಮ ಅಂಗಡಿಗೆ ಬರುವ ವಕೀಲರನ್ನು ಕೇಳಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ತೋರಿಸಿದ್ದೊಂದು ಕಳಿಸಿದ್ದೊಂದು ಆದರೆ ಸೈಟಿನಲ್ಲಿ ವ್ಯಾಪಾರ ಮಾಡುವವನು ವಾಪಸು ತೊಗೊಳ್ಳಲ್ಲ ಅನ್ನುವ ಹಾಗಿಲ್ಲ. ಸೈಟಿನವರು ದೂರು ಬಂದಿದೆ ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ನೀನಿರುವ ಊರಿನಲ್ಲೇ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಒಂದು ತೊಡಕಿದೆ. ಯಾರೋ ಮನೆಯ ಹಳೇ ವಾಚು ಒಂದನ್ನು ಮಾರಿದರೆ ಅವರಿಗೆ ಈ ನಿಯಮ ಹತ್ತುವುದಿಲ್ಲ, ವ್ಯಾಪಾರ ಅಂತ ನಡೆಸುವವರಿಗೆ ಮಾತ್ರ. ನಿನಗೆ ಮಾರಿದವನ ಹತ್ತಿರ ಇನ್ನೂ ನಲವತ್ತು ವಾಚು ಮಾರಾಟಕ್ಕಿವೆ, ಎಣಿಸಿದ್ದೇನೆ. ಅದೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ, ನಾಳೆ ಅಳಿಸಿದರೆ ಸಿಗಲ್ಲ.

ನಿಮ್ಮವ್ವ ಇಟ್ಟುಕೊಳ್ಳೋಣ ಅನ್ನುತ್ತಾಳೆ. "ಮಗಳು ಕೊಟ್ಟಿದ್ದು, ಡಯಲಿನ ಬಣ್ಣ ಕಟ್ಟಿಕೊಂಡು ಏನ್ಮಾಡ್ತೀರಿ" ಅಂತ. ನಾನು ಮಾತ್ರ ₹1,850 ನಿನ್ನ ದುಡಿಮೆಯದು ಅನ್ನುತ್ತೇನೆ. ನೀನೇ ಹೇಳು.

ವಾಪಸು ಕಳಿಸೋಕೆ ಏಳು ದಿನ ಅಂತ ಬರೆದಿದೆ, ಇವತ್ತಿಗೆ ಎರಡು ಕಳೆಯಿತು. ಮುಚ್ಚಳ ತೆಗೆದದ್ದು ಬಿಟ್ಟರೆ ಒಳಗೆ ಏನೂ ಮುಟ್ಟಿಲ್ಲ, ಎಣ್ಣೆ ಕೂಡ ಹಾಕಿಲ್ಲ. ಕೈ ತಡೆದುಕೊಳ್ಳೋದು ಕಷ್ಟವೇ ಆಯಿತು. ಗ್ಲಾಸಿನ ಮೇಲೆ ಮೊಬೈಲ್ ಇಟ್ಟು ಅಕ್ಷರಗಳ ಫೋಟೊ ತೆಗೆಸಿದ್ದೇನೆ, ಪಕ್ಕದ ಅಂಗಡಿಯ ಹುಡುಗ ನಿನಗೆ ಕಳಿಸುತ್ತಾನೆ. ಡಬ್ಬಿ, ಕವರು, ಕೊರಿಯರ್ ಚೀಟಿ ಎಲ್ಲ ಎತ್ತಿಟ್ಟಿದ್ದೇನೆ. ಭಾನುವಾರದೊಳಗೆ ಫೋನ್ ಮಾಡು. ಕಳಿಸು ಅಂದರೆ ಸೋಮವಾರ ಬೆಳಿಗ್ಗೆ ಕೊರಿಯರ್‌ಗೆ ಹಾಕುತ್ತೇನೆ. ಬೇಡ ಅಂದರೆ ಅವತ್ತೇ ಮಷೀನು ಬಿಚ್ಚಿ ತೊಳೆದು ಎಣ್ಣೆ ಹಾಕುತ್ತೇನೆ. ಸರಿಯಾದ ಉದ್ದದ ನಿಮಿಷದ ಮುಳ್ಳು ಒಂದು ನನ್ನ ಡಬ್ಬಿಯಲ್ಲಿದೆ, ಆ ಹನ್ನೆರಡರ ಲಾಟಿನದು.

ನಿನ್ನ ಅಪ್ಪ