ಬ್ಯಾಗು ಈಗ ಯಾರ ಹತ್ತಿರ ಇದೆ?

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಡೈರೆಕ್ಟ್ ಮಾಡುವ ಕ್ರೈಂ ಕಾಮಿಡಿ ಸಿನಿಮಾಕ್ಕೆ ಇಬ್ಬರು ಸ್ಟಾರ್‌ಗಳೂ ಒಪ್ಪಿಕೊಂಡರು ಅಂತ ನಿಮ್ಮಪ್ಪ ಹೇಳಿದ. ತುಂಬಾ ಸಂತೋಷ. ಫೋನಿನಲ್ಲಿ ಮಾತಾಡೋಣ ಅಂದರೆ ನಡುವೆ ನಿನ್ನ ಮ್ಯಾನೇಜರ್ ಕಾಲ್ ಬರುತ್ತದೆ. ನೀನು ‘ಒಂದ್ನಿಮಿಷ ದೊಡ್ಡಪ್ಪಾ’ ಅಂತೀಯ, ಆ ನಿಮಿಷ ಮುಗಿಯುವುದೇ ಇಲ್ಲ. ಅದಕ್ಕೇ ಈ ಕಾಗದ. ನಾನು ಎಡಿಟಿಂಗ್ ಟೇಬಲ್ ಮುಂದೆ ಕೂತು ಮುದುಕನಾದವನು. ಸೆಟ್ಟಿನಲ್ಲಿ ನೀವು ಮರೆತದ್ದೆಲ್ಲ ನಮ್ಮ ಟೇಬಲ್ ಮೇಲೆ ಬಂದು ಸಿಕ್ಕಿಬೀಳುತ್ತದೆ. ಆ ಕಡೆಯಿಂದ ನೋಡಿ ಹೇಳುತ್ತಿದ್ದೇನೆ.

ಕಥೆ ಓದಿದೆ. ಚೀಟಿ ದುಡ್ಡಿನ ಬ್ಯಾಗು, ಅದನ್ನು ಹೊಡೆಯಲು ಹೊರಟ ಇಬ್ಬರು, ಅದೇ ಥರದ ಇನ್ನೊಂದು ಬ್ಯಾಗಿನಲ್ಲಿ ಯಾರದೋ ಮದುವೆ ಸೀರೆಗಳು. ಚೆನ್ನಾಗಿದೆ. ಆಟೋ ಸೀನ್ ಓದುವಾಗ ಜೋರಾಗಿ ನಕ್ಕೆ. ನಿಮ್ಮ ದೊಡ್ಡಮ್ಮ ಅಡುಗೆಮನೆಯಿಂದ ಬಂದು, ನನಗೇನಾಯಿತು ಅಂತ ನೋಡಿ ಹೋದಳು. ಅದೇ ನಗು ಥಿಯೇಟರಿನಲ್ಲೂ ಬರಬೇಕಲ್ವಾ? ಅದಕ್ಕೆ ದೊಡ್ಡ ಅಡ್ಡಿ ಅಂದರೆ ಸ್ಟಾರ್‌ಗಳ ಡೇಟ್ಸ್.

ಸ್ಟಾರ್ ಇದ್ದ ಮೇಲೆ ಕಥೆಯ ಕ್ರಮದಲ್ಲಿ ಶೂಟಿಂಗ್ ನಡೆಯುವುದಿಲ್ಲ. ಒಬ್ಬರು ಈ ತಿಂಗಳು ಸಿಗುತ್ತಾರೆ. ಇನ್ನೊಬ್ಬರು ಸಿಗುವುದು ಬೇರೆ ಸಿನಿಮಾಕ್ಕೆ ಬಿಟ್ಟ ಗಡ್ಡ ತೆಗೆದ ಮೇಲೆ. ಇಬ್ಬರೂ ಒಟ್ಟಿಗಿರುವ ಕಾಂಬಿನೇಷನ್ ಸೀನ್‌ಗಳಿಗೆ ಸಿಗುವುದು ಕೆಲವೇ ದಿನ. ಹಾಗಾಗಿ ಕ್ಲೈಮ್ಯಾಕ್ಸ್ ಮೊದಲು ಮುಗಿಯುತ್ತದೆ, ಬ್ಯಾಗು ಕದಿಯುವ ಸೀನ್ ಕೊನೆಯ ಶೆಡ್ಯೂಲಿಗೆ ಹೋಗುತ್ತದೆ. ತಾಯಿ-ಮಗನ ಕಥೆಯಾದರೆ ಹೇಗೋ ಸುಧಾರಿಸಬಹುದು, ಅಳುವ ಸೀನ್ ಯಾವತ್ತು ತೆಗೆದರೂ ಅಳುವೇ. ಕ್ರೈಂ ಕಾಮಿಡಿಯಲ್ಲಿ ನಗು ಹುಟ್ಟುವುದು ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನುವುದರಿಂದ. ಬ್ಯಾಗಿನಲ್ಲಿ ಸೀರೆ ಇದೆ ಅಂತ ಜನಕ್ಕೆ ಗೊತ್ತು. ದೊಡ್ಡ ಕಳ್ಳನಿಗೆ ಗೊತ್ತಿಲ್ಲ. ಚಿಕ್ಕ ಕಳ್ಳನಿಗೆ ಅನುಮಾನ. ಇದರಲ್ಲಿ ಒಂದು ಹೆಚ್ಚುಕಮ್ಮಿಯಾದರೂ ಸೀನ್ ಸತ್ತಹಾಗೆ.

ಅದಕ್ಕೇ ಒಂದು ಉದ್ದನೆಯ ನೋಟ್‌ಬುಕ್ ತಗೋ. ಎಡಗಡೆ ಸೀನ್ ನಂಬರ್ ಬರೆ. ಪಕ್ಕದಲ್ಲಿ ಒಂದೊಂದು ಪಾತ್ರಕ್ಕೂ ಒಂದೊಂದು ಕಾಲಂ. ಕೊನೆಯ ಕಾಲಂ ಪ್ರೇಕ್ಷಕರದು. ಆ ಸೀನ್ ಶುರುವಾಗುವಾಗ ಯಾರಿಗೆ ಏನು ಗೊತ್ತಿದೆ ಅಂತ ಒಂದೇ ಸಾಲು ಬರೆದಿಡು. ಬ್ಯಾಗು ಯಾರ ಹತ್ತಿರ ಇದೆ ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಬರೆ. ಶಾಟಿನಿಂದ ಶಾಟಿಗೆ ವ್ಯತ್ಯಾಸ ಬರದಂತೆ ಕಂಟಿನ್ಯುಟಿ ಹುಡುಗರು ಶರ್ಟಿನ ಗುಂಡಿ, ವಾಚು, ಗಾಯದ ಮೇಕಪ್ ಎಲ್ಲ ನೋಡಿಕೊಳ್ಳುತ್ತಾರೆ. ತಲೆಯೊಳಗಿನ ಕಂಟಿನ್ಯುಟಿ ಮಾತ್ರ ಡೈರೆಕ್ಟರೇ ನೋಡಿಕೊಳ್ಳಬೇಕು. ಸ್ಟಾರ್ ಕ್ಯಾರವಾನ್‌ನಿಂದ ಇಳಿದು ಬಂದಾಗ ಇಡೀ ಕಥೆ ಹೇಳುತ್ತಾ ಕೂರಬೇಡ. ‘ಸರ್, ಈಗ ನಿಮಗೆ ಇದರಲ್ಲಿ ದುಡ್ಡಿದೆ ಅಂತ ನಂಬಿಕೆ’ ಅಂದರೆ ಸಾಕು. ಉಳಿದದ್ದು ಅವರಿಗೆ ಬರುತ್ತದೆ.

ಬ್ಯಾಗಿನ ತೂಕದ ಬಗ್ಗೆಯೂ ಯೋಚನೆ ಮಾಡು. ನಿನ್ನ ಕಥೆಯಲ್ಲಿ ಒಂದು ಕೋಟಿ ಅಂತ ಇದೆ. 500ರ ನೋಟಿನಲ್ಲಿ ಅದು 20,000 ನೋಟು, ಅಂದರೆ 200 ಕಟ್ಟು. ಒಂದು ನೋಟು ಒಂದೇ ಗ್ರಾಂ ಅಂತ ಇಟ್ಟುಕೊಂಡರೂ 20 ಕೆ.ಜಿ. ಆಯಿತು. ಅದನ್ನು ಯಾರೂ ಒಂದು ಕೈಯಲ್ಲಿ ಬೀಸಿಕೊಂಡು ಓಡಲ್ಲ. ಸೆಟ್ಟಿನಲ್ಲಿ ಖಾಲಿ ಬ್ಯಾಗು ಕೊಟ್ಟುಬಿಡುತ್ತಾರೆ, ಹೀರೊ ಆರಾಮವಾಗಿ ಎತ್ತುತ್ತಾರೆ, ಜನಕ್ಕೆ ಆ ದುಡ್ಡಿನ ಮೇಲೆ ನಂಬಿಕೆ ಹೋಗುತ್ತದೆ. ಒಳಗೆ ನಿಜವಾದ ಭಾರ ಇಡಿಸು. ಭುಜ ಒಂದು ಕಡೆ ವಾಲಲಿ, ಮೆಟ್ಟಿಲು ಹತ್ತುವಾಗ ಕೈ ಬದಲಾಯಿಸಲಿ. ಆಮೇಲೆ ಸೀರೆ ಬ್ಯಾಗು ಎತ್ತಿದಾಗ, ‘ಇದೇನು ಹಗುರ?’ ಅಂತ ಚಿಕ್ಕ ಕಳ್ಳ ಒಂದು ಕ್ಷಣ ನಿಂತರೆ ಸಾಕು. ಡೈಲಾಗ್ ಇಲ್ಲದೆ ಅವನ ಅನುಮಾನ ಜನಕ್ಕೆ ತಿಳಿಯುತ್ತದೆ.

ನೋಟಿನ ವಿಷಯದಲ್ಲಿ ಆರ್ಟ್ ಡಿಪಾರ್ಟ್‌ಮೆಂಟಿನವರಿಗೆ ಮೊದಲೇ ಹೇಳು. ಅಸಲಿ ನೋಟಿನ ಥರ ಕಾಣುವ ಕಾಗದ ಅಚ್ಚು ಹಾಕಿಸುವುದೂ ಕಾನೂನಿನಲ್ಲಿ ತಪ್ಪು. ಕಳ್ಳರ ಸಿನಿಮಾ ತೆಗೆಯಲು ಹೋಗಿ ನೀನೇ ಸ್ಟೇಷನ್ ಮೆಟ್ಟಿಲು ಹತ್ತಬೇಡ. ಮೇಲೊಂದು ಅಸಲಿ ನೋಟು, ಕೆಳಗೆ ಬಿಳಿ ಕಾಗದ, ಸುತ್ತ ರಬ್ಬರ್ ಬ್ಯಾಂಡ್. ಕ್ಯಾಮೆರಾ ಸ್ವಲ್ಪ ದೂರ ಇದ್ದರೆ ಅಷ್ಟು ಸಾಕು. ಹಾಂ, ಪಿಂಕ್ ನೋಟು ಬೇಡ. 2000ದ ನೋಟನ್ನು ಆರ್‌ಬಿಐ ವಾಪಸ್ ತಗೊಳ್ಳಲು ಶುರು ಮಾಡಿದ್ದೇ 2023ರಲ್ಲಿ. ನಿನ್ನ ಕಥೆ ನಡೆಯುವುದು ಈಗ.

ಕಾಂಬಿನೇಷನ್ ದಿನಗಳಿಗೆ ಬರುತ್ತೇನೆ. ಆ ದಿನ ಎಲ್ಲರೂ ಡೈಲಾಗ್ ಹೇಳುವವರ ಮುಖವನ್ನೇ ತೆಗೆಯುತ್ತಾರೆ. ಸಂಜೆಯಾಗುತ್ತದೆ, ಪ್ಯಾಕಪ್ ಅಂತಾರೆ. ಕೇಳಿಸಿಕೊಳ್ಳುವವರ ಕ್ಲೋಸಪ್ ಆಮೇಲೆ ನೋಡೋಣ ಅಂತ ಬಿಡುತ್ತಾರೆ. ‘ಆಮೇಲೆ’ ಬಂದಾಗ ಎದುರಿಗೆ ಇನ್ನೊಬ್ಬ ಸ್ಟಾರ್ ಇರುವುದಿಲ್ಲ, ಒಬ್ಬ ಅಸಿಸ್ಟೆಂಟ್ ಪ್ಯಾಡ್ ಹಿಡಿದುಕೊಂಡು ಒಂದೇ ಧ್ವನಿಯಲ್ಲಿ ಡೈಲಾಗ್ ಓದುತ್ತಿರುತ್ತಾನೆ. ಆ ಪಾಪದ ಹುಡುಗನ ಮುಖ ನೋಡಿ ಯಾರಿಗೆ ರಿಯಾಕ್ಷನ್ ಬರುತ್ತದೆ ಹೇಳು? ಕಾಮಿಡಿಯ ನಗು ಮುಕ್ಕಾಲುಪಾಲು ಕೇಳಿಸಿಕೊಳ್ಳುವವರ ಮುಖದಲ್ಲೇ ಇರುತ್ತದೆ. ಇಬ್ಬರೂ ಇದ್ದಾಗಲೇ ಅದನ್ನು ತಗೊಂಡುಬಿಡು. ಇಬ್ಬರೂ ಸುಮ್ನೆ ಕೂತು ಒಬ್ಬರನ್ನೊಬ್ಬರು ನೋಡುವ ಶಾಟ್‌ಗಳೂ ಒಂದಷ್ಟು ಇರಲಿ. ನಿನ್ನ ಎಡಿಟರ್ ನಿನಗೆ ಕೈ ಮುಗಿಯುತ್ತಾನೆ. ನಮ್ಮ ಕಾಲದಲ್ಲಿ 400 ಅಡಿಯ ರೀಲು ಹಾಕಿದರೆ ನಾಲ್ಕೂವರೆ ನಿಮಿಷಕ್ಕೆ ಖಾಲಿ, ಅಡಿ ಅಡಿಗೂ ದುಡ್ಡು. ನಿಮಗೆ ಆ ಭಯ ಇಲ್ಲ.

ಇನ್ನು ಸ್ಟಾರ್‌ಗಿರಿ. ಹಣ ಹಾಕಿದವರು ಮಾಸ್ ಎಂಟ್ರಿ ಬೇಕೇ ಬೇಕು ಅಂತಾರೆ. ಅವರಿಗೆ ಬಿ.ಕೆ.ಟಿ. ಏರಿಯಾದ, ಅಂದರೆ ಬೆಂಗಳೂರು-ಕೋಲಾರ-ತುಮಕೂರು ಕಡೆಯ ಕಲೆಕ್ಷನ್ನಿನ ಲೆಕ್ಕ ಇರುತ್ತದೆ. ಅದನ್ನು ಹಗುರವಾಗಿ ನೋಡಬೇಡ, ಮೊದಲ ಮೂರು ದಿನ ಟಿಕೆಟ್ ತಗೊಳ್ಳುವವರು ಅಭಿಮಾನಿಗಳೇ. ಎಂಟ್ರಿ ಕೊಡು, ಸ್ಲೋ ಮೋಷನ್ ಕೊಡು. ಆದರೆ ಸ್ಟಾರ್ ಮೋರಿಗೆ ಬೀಳುವ ಸೀನ್ ಇದೆಯಲ್ಲ, ಅದನ್ನು ಈಗಲೇ ಅವರ ಮುಂದೆ ಕೂತು ಓದಿ ಹೇಳು. ಮ್ಯಾನೇಜರ್ ಮೂಲಕ ಹೇಳಿಕಳಿಸಬೇಡ. ನೀರು ತುಂಬಿಸಿಟ್ಟ ಮೋರಿಯ ಪಕ್ಕ ನಿಂತು, ‘ನನ್ನ ಫ್ಯಾನ್ಸ್ ಒಪ್ಪಲ್ಲ ಮೇಡಂ’ ಅಂದರೆ ಆ ದಿನ ಹೋಯಿತು. ನನಗೆ ತಿಳಿದಮಟ್ಟಿಗೆ ನಿಜವಾದ ನಟರು ಬೀಳಲು ಹಿಂಜರಿಯುವುದಿಲ್ಲ, ಸುತ್ತ ಇರುವವರು ಬೀಳಲು ಬಿಡುವುದಿಲ್ಲ. ಒಬ್ಬರಿಗೆ ಜೋಕ್ ಜಾಸ್ತಿ, ನನಗೆ ಕಮ್ಮಿ ಅನ್ನುವ ತಕರಾರೂ ಬರುತ್ತದೆ. ಬರಲಿ. ಇಬ್ಬರೂ ತಮಾಷೆ ಮಾಡುತ್ತಾ ನಿಂತರೆ ಯಾರೂ ನಗುವುದಿಲ್ಲ. ಒಬ್ಬರು ಕೊನೆಯ ತನಕ ಗಂಭೀರವಾಗಿರಬೇಕು, ಆ ಪಾತ್ರವೇ ಕಷ್ಟದ್ದು ಅಂತ ಅವರಿಗೆ ಹೇಳು. ಸುಳ್ಳೇನೂ ಅಲ್ಲ.

ಚಿಕ್ಕ ಪಾತ್ರದವರನ್ನು ಮರೆಯಬೇಡ. ಮೊದಲು ಹಾಸ್ಯನಟ ನರಸಿಂಹರಾಜು ಅವರ ಕಾಲ್‌ಶೀಟ್ ಹಿಡಿದು, ಆಮೇಲೆ ರಾಜ್‌ಕುಮಾರ್ ಅವರ ಡೇಟ್ಸ್ ಕೇಳುತ್ತಿದ್ದ ನಿರ್ಮಾಪಕರಿದ್ದರು ಅಂತ ಗಾಂಧಿನಗರದ ಹಳಬರು ಹೇಳುತ್ತಿದ್ದರು. ನಿನ್ನ ಕಥೆಯ ಚೀಟಿ ನಡೆಸುವ ಆಂಟಿ, ಕಾನ್‌ಸ್ಟೆಬಲ್, ಸೀರೆ ಅಂಗಡಿಯ ಗುಮಾಸ್ತ, ಈ ಮೂವರಿಗೂ ರಂಗಭೂಮಿಯವರನ್ನೇ ಹುಡುಕು. ಸಂಜೆ ಹೊತ್ತು ರಂಗಶಂಕರಕ್ಕೋ ಕಲಾಕ್ಷೇತ್ರಕ್ಕೋ ಹೋಗಿ ಕೂತರೆ ಸಿಗುತ್ತಾರೆ. ಅವರನ್ನು ಬೆಳಗ್ಗೆ ಆರಕ್ಕೆ ಕರೆಸಿ ರಾತ್ರಿ ತನಕ ಕಾಯಿಸಬೇಡ. ದಿನದ ಖರ್ಚಿನ ಬಾಟಾ ಅವತ್ತೇ ಕೊಡಿಸು.

ಪೊಲೀಸರನ್ನು ಸುಮ್ಮನೆ ಪೆದ್ದರ ಥರ ತೋರಿಸುವ ಚಾಳಿ ಬೇಡ. 1980ರಲ್ಲಿ ಶಂಕರ್‌ನಾಗ್ ‘ಮಿಂಚಿನ ಓಟ’ ತೆಗೆದಾಗ ಅನಂತ್‌ನಾಗ್, ಶಂಕರ್ ಅಣ್ಣ-ತಮ್ಮ ಇಬ್ಬರೂ ಕಾರು ಕಳ್ಳರಾಗಿ ನಟಿಸಿದರು. ಆ ಕಳ್ಳರು ನಮಗೆ ಇಷ್ಟವಾಗುತ್ತಾರೆ, ಹಾಗಂತ ಜೈಲು ತಮಾಷೆಯ ಜಾಗ ಆಗಲಿಲ್ಲ. ಸಿಕ್ಕಿಬಿದ್ದರೆ ಗತಿಯೇನು ಅನ್ನುವ ಭಯ ಇದ್ದರೇನೇ ತಪ್ಪಿಸಿಕೊಂಡಾಗ ನಗು ಬರುವುದು. ನಿನ್ನ ಎರಡನೇ ಅರ್ಧದಲ್ಲಿ ಆ ಭಯ ಸ್ವಲ್ಪ ಇಳಿದಿದೆ. ಚೀಟಿ ಕಟ್ಟಿದವರು ಬಂದು ಬಾಗಿಲು ಬಡಿಯುವ ಸೀನ್ ಒಂದು ಸೇರಿಸು.

ಲೊಕೇಷನ್ ವಿಷಯ ನಿನ್ನ ಮ್ಯಾನೇಜರ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಚಿಕ್ಕಪೇಟೆ ಗಲ್ಲಿಯೊಳಗೆ ಜನರೇಟರ್ ವ್ಯಾನ್ ಹೋಗಲ್ಲ, ಇಬ್ಬರು ಸ್ಟಾರ್‌ಗಳನ್ನು ಮೆಜೆಸ್ಟಿಕ್‌ನಲ್ಲಿ ಇಳಿಸಿದರೆ ಜನ ಸೇರಿ ಟ್ರಾಫಿಕ್ ನಿಲ್ಲುತ್ತದೆ. ದೂರದ ಶಾಟ್‌ಗಳನ್ನು ಡೂಪ್ ಹಾಕಿ ಬೆಳಗಿನ ಜಾವ ತೆಗೆದುಕೋ. ಹತ್ತಿರದ ಶಾಟ್‌ಗಳಿಗೆ ಗಲ್ಲಿಯ ಒಂದು ಮೂಲೆಯನ್ನು ಕಂಠೀರವ ಸ್ಟುಡಿಯೋದಲ್ಲಿ ಸೆಟ್ ಹಾಕಿಸು.

ಸಿಗರೇಟು ಎಷ್ಟು ಸಾಧ್ಯವೋ ಅಷ್ಟು ಕಮ್ಮಿ ಮಾಡು. ಹಿಡಿದ ತಕ್ಷಣ ಕೆಳಗೆ ಎಚ್ಚರಿಕೆಯ ಸಾಲು ಬರಬೇಕು, ಜನ ನಗುವುದು ಬಿಟ್ಟು ಅದನ್ನು ಓದುತ್ತಾರೆ. ಬೈಗುಳವೂ ಅಷ್ಟೇ. ‘ಎ’ ಸರ್ಟಿಫಿಕೇಟ್ ಬಂದರೆ ಟಿ.ವಿ. ವ್ಯಾಪಾರಕ್ಕೆ ಕಲ್ಲು ಬಿತ್ತು. 2024ರ ನಿಯಮದಿಂದ ಯುಎ, ಅಂದರೆ ಮಕ್ಕಳಿಗೆ ಹೆತ್ತವರ ಮಾರ್ಗದರ್ಶನ ಬೇಕಾದ ಸರ್ಟಿಫಿಕೇಟಿನಲ್ಲೇ 7, 13, 16 ವರ್ಷ ಅಂತ ಮೂರು ಮೆಟ್ಟಿಲು ಮಾಡಿದ್ದಾರೆ. ಯಾವುದು ಬೇಕು ಅಂತ ಬರೆಯುವಾಗಲೇ ತೀರ್ಮಾನ ಮಾಡಿಕೋ.

ಕೊನೆಗೆ ನನ್ನ ಟೇಬಲ್ಲಿನ ಮಾತು. ದೊಡ್ಡ ನಗು ಬರುವ ಕಡೆ ಮುಂದಿನ ಡೈಲಾಗ್ ತಕ್ಷಣ ಇಡಬೇಡ. ಕಪಾಲಿ ಥಿಯೇಟರ್ ತುಂಬಿದಾಗ ನಗು ಮುಂದಿನ ಸಾಲಿನಿಂದ ಬಾಲ್ಕನಿಗೆ ಹೋಗಿ ತಣ್ಣಗಾಗಲು ಹೊತ್ತು ಬೇಕಿತ್ತು. ನಾವು ಅಲ್ಲಿ ಒಂದು ಮೌನದ ಶಾಟ್ ಬಿಡುತ್ತಿದ್ದೆವು. 2017ರಲ್ಲಿ ಕಪಾಲಿ ಹೋಯಿತು, ಈಗ ಮಲ್ಟಿಪ್ಲೆಕ್ಸಿನ ಸಣ್ಣ ಹಾಲ್‌ಗಳು, ಅಷ್ಟು ಜಾಗ ಬೇಡ. ಆದರೂ ಒಂದು ಸೆಕೆಂಡು, ಅಂದರೆ 24 ಫ್ರೇಮ್ ಬಿಡು. ಲ್ಯಾಪ್‌ಟಾಪಿನಲ್ಲಿ ಒಬ್ಬಳೇ ನೋಡುವಾಗ ಅದು ಜಾಸ್ತಿ ಅನ್ನಿಸುತ್ತದೆ, ಕತ್ತರಿಸಬೇಡ. ಮೂವತ್ತು ಜನರನ್ನು ಕೂರಿಸಿ ತೋರಿಸಿದ ಮೇಲೆ ನೋಡೋಣ.

ಮುಹೂರ್ತ ಬಂಡೆ ಮಹಾಕಾಳಿ ದೇವಸ್ಥಾನದಲ್ಲೇ ಅಂತ ನಿಮ್ಮಪ್ಪ ಹೇಳಿದ, ನಾವಿಬ್ಬರೂ ಬರುತ್ತೇವೆ. ಅದಕ್ಕೆ ಮುಂಚೆ ಕಾಂಬಿನೇಷನ್ ಸೀನ್‌ಗಳ ಸೀನ್ ಪೇಪರ್ ಕಳಿಸು. ವಾಟ್ಸಾಪ್‌ನಲ್ಲಿ ಬೇಡ, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕಳಿಸು. ನೋಟ್‌ಬುಕ್ಕಿನ ಆ ಕಾಲಂಗಳನ್ನು ಇಬ್ಬರೂ ಕೂತು ತುಂಬೋಣ. ಊಟಕ್ಕೆ ಬಾ, ದೊಡ್ಡಮ್ಮ ಬಿಸಿಬೇಳೆಬಾತ್ ಮಾಡುತ್ತಾಳಂತೆ.

ಇತಿ,
ನಿನ್ನ ದೊಡ್ಡಪ್ಪ